ಮೊಸೆಲ್ ಹೊಳೆಯ ಪಕ್ಕ ಸೈಕಲ್ ತುಳಿದಿದ್ದು

ಜರ್ಮನಿಯಲ್ಲಿ ನರ್ಸಾಗಿರುವ ಮಗಳು ರಜೆ ಹಾಕಿ ನನ್ನನ್ನು ಕರೆಸಿಕೊಂಡಳು. ಮೊಸೆಲ್ ಅಂತ ಒಂದು ಹೊಳೆ, ಅದರ ದಂಡೆಯಲ್ಲೇ ಮೂರು ದಿನ ಸೈಕಲ್ಲಿನಲ್ಲಿ ಹೋಗುವುದು, ಕತ್ತಲಾದ ಊರಲ್ಲಿ ತಂಗುವುದು. ದಾರಿ ಸಪಾಟು, ಕಾರು ಲಾರಿ ಬರುವುದಿಲ್ಲ ಎಂದಳು. ನಮ್ಮೂರು ಸಾದಲಿಯಲ್ಲಿ ಇಪ್ಪತ್ತು ವರ್ಷ ರೇಷ್ಮೆ ಹುಳುಗಳಿಗೆ ಸೈಕಲ್ಲಿನಲ್ಲೇ ಸೊಪ್ಪು ತಂದವಳು ನಾನು. ನನಗೇನು ಭಯ?

ಹತ್ತಿದ ಕೂಡಲೇ ಬಾಡಿಗೆ ಸೈಕಲ್ಲು ಕುಡಿದವನ ಹಾಗೆ ತೂರಾಡಿತು. ಎರಡು ಸಲ ಹುಲ್ಲಿನ ಮೇಲೆ ಬಿದ್ದೆ.

“ಸಾಕು ಕಣಮ್ಮ. ಇನ್ನೊಂದ್ಸಲ ಬಿದ್ರೆ ಇದನ್ನ ವಾಪಸ್ ಕೊಟ್ಬಿಟ್ಟು ರೈಲಲ್ಲಿ ಹೋಗಣ. ಸೊಂಟ ಮುರಿದ್ರೆ ಯಾರ್ ನೋಡ್ಕೊಳೋರು?” ಎಂದಳು ಮಗಳು.

“ನೀನೇ ನರ್ಸಲ್ವೇನೇ? ನೋಡ್ಕೋ.”

ಅಂದು ಸೈಕಲ್ಲನ್ನು ಎತ್ತಿ ನಿಲ್ಲಿಸಿದೆ. ರೈಲಿನ ಕಿಟಕಿಯಲ್ಲಿ ಹೊಳೆ ನೋಡಲು ಅಷ್ಟು ದೂರ ಬರಬೇಕಿತ್ತೇ? ಯಾಕೆ ಬೀಳುತ್ತಿದ್ದೇನೆ ಅಂತ ಆಮೇಲೆ ಗೊತ್ತಾಯಿತು. ನಮ್ಮ ತೋಟ ದಿಣ್ಣೆಯ ಮೇಲೆ, ಮನೆ ಕೆಳಗೆ. ಖಾಲಿ ಸೈಕಲ್ ತಳ್ಳಿಕೊಂಡು ಹತ್ತುವುದು, ಸೊಪ್ಪಿನ ಹೊರೆ ಹೇರಿ ತುಳಿದು ಇಳಿಯುವುದು. ಹೊರೆಯಿಲ್ಲದ ಸೈಕಲ್ಲನ್ನು ನಾನು ತುಳಿದೇ ಇರಲಿಲ್ಲ.

“ನನ್ ಬ್ಯಾಗು, ನಿನ್ ಬ್ಯಾಗು ಎರಡೂ ಇತ್ತ ಕೊಡೇ.”

“ತಲೆ ಕೆಟ್ಟಿದೆಯೇನಮ್ಮ? ಖಾಲಿದೇ ಓಡ್ಸಕ್ಕಾಗ್ತಿಲ್ಲ ನಿಂಗೆ!”

“ಮುಚ್ಕೊಂಡ್ ಕೊಡೇ.”

ಇಬ್ಬರ ಬ್ಯಾಗನ್ನೂ ಕ್ಯಾರಿಯರ್ ಮೇಲೆ ಅಡ್ಡ ಇಟ್ಟು, ಅವಳ ವೇಲಿನಲ್ಲಿ ಬಿಗಿದು ಹತ್ತಿದೆ. ಹಿಂದೆ ಭಾರ ಕೂತಿತು, ಸೈಕಲ್ಲು ನೆಟ್ಟಗೆ ಹೋಯಿತು. ಮಗಳು ಬಾಯಿ ಬಿಟ್ಟುಕೊಂಡು ಹಿಂದೆ ಬಂದಳು.

ಆಗಲೇ ನಾನು ತಲೆ ಎತ್ತಿ ಹೊಳೆ ನೋಡಿದ್ದು. ನಮ್ಮ ನಂದಿಬೆಟ್ಟದಲ್ಲಿ ಐದು ನದಿ ಹುಟ್ಟುತ್ತವೆ ಅನ್ನುತ್ತಾರೆ. ಅವುಗಳಲ್ಲಿ ನಾನು ಕಂಡಿದ್ದು ಮರಳು, ಜಾಲಿ. ಕೆರೆ ಕೋಡಿ ಬಿದ್ದರೆ ಊರಿಗೆ ಊರೇ ಹೋಗಿ ನೋಡಿ ಬರುತ್ತೇವೆ. ಇಲ್ಲಿ ಸುಡುವ ಬೇಸಿಗೆಯಲ್ಲೂ ದಡದಿಂದ ದಡಕ್ಕೆ ನೀರು. ಅದರ ಮೇಲೆ ನಮ್ಮ ಬೀದಿಯಷ್ಟು ಉದ್ದದ ಹಡಗು ಸದ್ದಿಲ್ಲದೆ ಹೋಯಿತು. ಆಚೆ, ಮೇಕೆಯೂ ಹತ್ತಲು ಯೋಚಿಸುವಂಥ ಗುಡ್ಡದ ತುದಿವರೆಗೆ ದ್ರಾಕ್ಷಿ. ನಮ್ಮ ಕಡೆಯಂತೆ ಚಪ್ಪರವಿಲ್ಲ, ಗಿಡಕ್ಕೊಂದು ಗೂಟ. ಅಲ್ಲಿ ನಿಂತು ಗೊನೆ ಕೊಯ್ಯುವವರ ಕಾಲು ಎಂಥವೋ!

ಸಂಜೆ ದಾರಿ ಪಕ್ಕದಲ್ಲೇ ರೈಲು ನಿಲ್ದಾಣ ಬಂತು. ಮಗಳು ಸೈಕಲ್ ನಿಲ್ಲಿಸಿದಳು.

“ಕಾಲು ನೋಯ್ತಿದ್ರೆ ಹೇಳಮ್ಮ, ಇಲ್ಲೇ ಹತ್ತಣ.”

ಕಾಲು ನೋಯುತ್ತಿತ್ತು. ನೀರು ಮಾತ್ರ ಬೆಳಗಿನಿಂದ ಹರಿದೂ ಒಂದು ಗೇಣು ಇಳಿದಿರಲಿಲ್ಲ.

“ಇದಿನ್ನೂ ಎಲ್ಲೀಗಂಟ ಹೋಗ್ತದೋ ನೋಡಣ,” ಎಂದೆ. “ನೀನ್ ಮುಂದೆ ನಡಿ.”