ಇಂಗಿನ ಡಬ್ಬಿಯ ಚುಕ್ಕಾಣಿಗ

ಇವತ್ತು ಬೆಳಿಗ್ಗೆ ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಅಟೆಂಡರು ಕಿತ್ತುಹೋದ ಕರೆಗಂಟೆಯ ವೈರಿಗೆ ಬೆಸುಗೆ ಹಾಕುತ್ತಿದ್ದರು. ಸುಟ್ಟ ರಾಳದ ವಾಸನೆ ಕಾರಿಡಾರಿಗೆಲ್ಲ ಹರಡಿ, ಗಣಿತದ ಮೇಡಂ ಸೆರಗಿನಿಂದ ಮೂಗು ಮುಚ್ಚಿಕೊಂಡು ಓಡಿದರು. ನಾನು ಮಾತ್ರ ಬಾಗಿಲಲ್ಲೇ ನಿಂತು ಉಸಿರೆಳೆದುಕೊಂಡೆ. ಕೆಲವರಿಗೆ ಮಲ್ಲಿಗೆಯ ವಾಸನೆಗೆ ಮದುವೆಯ ದಿನ ನೆನಪಾಗುತ್ತದಂತೆ. ನನಗೆ ಈ ಹೊಗೆ ಬಡಿದರೆ ಸಾಕು, ನಾನು ಮತ್ತು ನನ್ನ ಮಾವ ಸೇರಿಕೊಂಡು ಅತ್ತೆಯವರಿಗೆ ಎರಡು ತಿಂಗಳು ಸುಳ್ಳು ಹೇಳಿದ್ದು ನೆನಪಾಗುತ್ತದೆ.

ಮೊದಲು ಮಾವನ ವಿಷಯ ಹೇಳಿಬಿಡುತ್ತೇನೆ. ಮಾವ ಎಂದರೆ ನನ್ನ ಗಂಡನ ತಂದೆ. ಹುಟ್ಟಿ ಬೆಳೆದದ್ದು ಹಳೇಬೀಡಿನಲ್ಲಿ, ಕೆಲಸ ಮಾಡಿದ್ದು ಅರಸೀಕೆರೆಯಲ್ಲಿ. ರೈಲ್ವೆಯ ಸಿಗ್ನಲ್ ರಿಪೇರಿ ಅವರ ಕಸುಬು. ನಿವೃತ್ತರಾದ ಮೇಲೂ ಮನೆಯಲ್ಲಿ ಮಿಕ್ಸಿ ಕೆಟ್ಟರೆ ಅವರ ಮುಖದಲ್ಲಿ ಒಂದು ಗುಟ್ಟಿನ ಸಂತೋಷ ಕಾಣುತ್ತಿತ್ತು. ಹೀಗಿರುವಾಗ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರ ಕೈಯಿಂದ ಬ್ರಷ್ಷು ಜಾರಿತು. ಲಕ್ವ. ಆಸ್ಪತ್ರೆಯಿಂದ ಬಂದ ಮೇಲೆ ಮಾತು ಬಂತು, ಕಾಲು ಬಂತು, ಬಲಗೈ ಮಾತ್ರ ಪೂರ್ತಿ ಬರಲಿಲ್ಲ. ಅದು ತೊಡೆಯ ಮೇಲೆ ಬೇರೆ ಯಾರದೋ ಕೈಯಂತೆ ಬಿದ್ದಿರುತ್ತಿತ್ತು.

ಅಲ್ಲಿಂದ ನಾವೆಲ್ಲ ಅವರ ಕೈಯಾದೆವು. ಅತ್ತೆ ಅನ್ನ ಕಲಸಿಕೊಡುತ್ತಿದ್ದರು, ನನ್ನ ಗಂಡ ಗುಂಡಿ ಹಾಕುತ್ತಿದ್ದರು, ನಾನು ಪೇಪರಿನ ಹಾಳೆ ತಿರುಗಿಸಿಕೊಡುತ್ತಿದ್ದೆ. ಒಂದು ಮದುವೆ ಮನೆಯ ಪಂಕ್ತಿಯಲ್ಲಿ ಅತ್ತೆ ಅವರ ಎಲೆಯ ಅನ್ನ ಕಲಸುವುದನ್ನು ನೋಡಿ ಎದುರು ಸಾಲಿನ ಒಬ್ಬರು, 'ಪಾಪ, ಮಗು ಥರ ಆಗೋದ್ರು' ಎಂದರು. ಮಾವನಿಗೆ ಕೇಳಿಸಿತು. ಅಂದಿನಿಂದ ಅವರು ಮನೆಬಿಟ್ಟು ಹೊರಡಲಿಲ್ಲ.

ಹೊರಡದೆ ಇದ್ದವರು ಫೋನಿನಲ್ಲಿ ಸಮುದ್ರ ನೋಡತೊಡಗಿದರು. ಒಬ್ಬೊಬ್ಬರೇ ಹಾಯಿದೋಣಿಯಲ್ಲಿ ಸಮುದ್ರ ದಾಟುವ ವಿಡಿಯೊಗಳು. ಅರಸೀಕೆರೆಯಲ್ಲಿ ನೀರೆಂದರೆ ನಲ್ಲಿಯದು, ಅದೂ ತನಗೆ ಇಷ್ಟ ಬಂದಾಗ. ಅಂಥ ಊರಿನ ನಡುಮನೆಯಲ್ಲಿ ದಿನವಿಡೀ ಅಲೆಗಳ ಸದ್ದು. ಒಂದು ಮಧ್ಯಾಹ್ನ ನನ್ನನ್ನು ಕರೆದು ಪರದೆ ತೋರಿಸಿದರು. ಒಬ್ಬ ಗಡ್ಡದವನು ಟೀ ಕುಡಿಯುತ್ತಾ ಕೂತಿದ್ದ. ಅವನ ಹಿಂದೆ ಚುಕ್ಕಾಣಿ ತಾನಾಗಿಯೇ ಅತ್ತಿತ್ತ ಅಲುಗಾಡುತ್ತಿತ್ತು.

'ನೋಡಮ್ಮ, ದೋಣಿಗೆ ಎರಡು ಕೈ ಬೇಕು. ಒಂದು ಹಾಯಿಯ ಹಗ್ಗಕ್ಕೆ, ಒಂದು ಚುಕ್ಕಾಣಿಗೆ. ಇವನು ಚುಕ್ಕಾಣಿನ ಒಂದು ಮೆಷಿನ್‌ಗೆ ಕೊಟ್ಟುಬಿಟ್ಟಿದ್ದಾನೆ' ಎಂದರು.

'ಹೌದು ಮಾವ.'

'ಅಂದ್ರೆ ಒಂದು ಕೈ ಸಾಕು.'

ನಾನು ಏನಾದರೂ ಬುದ್ಧಿವಂತಿಕೆಯ ಮಾತು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಎಷ್ಟೋ ತಿಂಗಳ ಮೇಲೆ ಆ ಮುಖದಲ್ಲಿ ಮಿಕ್ಸಿ ಕೆಟ್ಟ ದಿನದ ಸಂತೋಷ ಕಂಡೆ. 'ಹಳೇಬೀಡಿನ ಕೆರೆ ಸಾಕಾಗತ್ತಾ ಮಾವ?' ಎಂದು ಕೇಳಿಬಿಟ್ಟೆ.

ನನ್ನ ಗಂಡ ಈ ಕಥೆಯಲ್ಲಿ ಹೆಚ್ಚಾಗಿ ಬರುವುದಿಲ್ಲ. ಯಾಕೆಂದರೆ ಅವರಿಗೆ ನಾವು ಹೇಳಲೇ ಇಲ್ಲ. ಅವರಿಗೆ ಹೇಳಿದ್ದು ಅತ್ತೆಗೆ ತಲುಪಲು ಒಂದು ಊಟದ ಹೊತ್ತು ಸಾಕು.

ದೋಣಿ ಮಾಡಿದ್ದು ಹಳೇಬೀಡಿನ ಪಕ್ಕದ ಹುಲಿಕೆರೆಯ ಕಾಳಾಚಾರಿ ಎಂಬ ಬಡಗಿ. ಮಾವನ ಬಾಲ್ಯದ ಗೆಳೆಯ. ಫೋನಿನಲ್ಲಿ ನಕ್ಷೆ ತೋರಿಸಿದಾಗ ಆತ ಬೀಡಿ ಆರಿಸಿ, 'ನಾನು ಬಾಗ್ಲು ಮಾಡಿದೀನಿ, ಮಂಚ ಮಾಡಿದೀನಿ. ನೀರ್ಗೆ ಏನೂ ಮಾಡಿಲ್ಲ ಕಣಪ್ಪ' ಎಂದ. ಸ್ವಲ್ಪ ಹೊತ್ತು ಯೋಚಿಸಿ, 'ಬಾಗ್ಲು ಮಲಗಿಸ್ದಂಗೆ ಮಾಡ್ಲಾ?' ಎಂದು ಕೇಳಿದ. ಹಾಗೆಯೇ ಮಾಡಿದ. ಪ್ಲೈವುಡ್ಡಿನ ಚಪ್ಪಟೆ ತಳ, ಎರಡು ಕಡೆಗೂ ಮಗುಚದಂತೆ ಕಟ್ಟಿದ ನೀಲಿ ಡ್ರಮ್ಮು, ನಡುವೆ ಬಿದಿರಿನ ಕಂಬ. ಹಾಯಿಗೆ ಗಟ್ಟಿ ಬಟ್ಟೆ ಸಿಗದೆ, ಬಸ್‌ಸ್ಟ್ಯಾಂಡಿನ ಹತ್ತಿರ ಹಳತಾಗಿ ಬಿದ್ದಿದ್ದ ಒಂದು ಫ್ಲೆಕ್ಸ್ ತಂದೆವು. ಅದರಲ್ಲಿ ಯಾರೋ ನಾಯಕರು ಕೈ ಮುಗಿದು ನಗುತ್ತಿದ್ದರು. ಅಳತೆಗೆ ಕತ್ತರಿಸಿದ ಮೇಲೆ ಅವರ ತಲೆಯ ಮೇಲೆ 'ಹುಟ್ಟುಹಬ್ಬದ ಶುಭಾ' ಎಂಬುದಷ್ಟೇ ಉಳಿಯಿತು. ಮುಗಿದ ಕೈ ಮಾತ್ರ ಪೂರ್ತಿಯಾಗಿತ್ತು.

ಇನ್ನು ಮುಖ್ಯವಾದದ್ದು, ಚುಕ್ಕಾಣಿ ಹಿಡಿಯುವ ಯಂತ್ರ. ಕೊಂಡರೆ ಅದಕ್ಕೆ ನಮ್ಮ ದೋಣಿಯನ್ನೇ ಹತ್ತು ಸಲ ಮಾರಬೇಕಿತ್ತು. ಹಾಗಾಗಿ ನಾವೇ ಮಾಡಲು ಕೂತೆವು. ಉಗುರಿನಷ್ಟು ದೊಡ್ಡ ಎಲೆಕ್ಟ್ರಾನಿಕ್ ದಿಕ್ಸೂಚಿಯ ಚಿಪ್, ಅದು ಹೇಳಿದ್ದನ್ನು ಕೇಳಿ ಲೆಕ್ಕ ಹಾಕುವ ಬೆಂಕಿಪೊಟ್ಟಣದಷ್ಟು ಬೋರ್ಡು, ಎರಡೂ ಕೊರಿಯರಿನಲ್ಲಿ ನಮ್ಮ ಶಾಲೆಯ ವಿಳಾಸಕ್ಕೆ ಬಂದವು. ಚುಕ್ಕಾಣಿಯನ್ನು ತಳ್ಳಿ ಎಳೆಯಲು ಗುಜರಿ ಅಂಗಡಿಯ ಕಾರೊಂದರ ವೈಪರ್ ಮೋಟರು. ಚಿಪ್ ಮತ್ತು ಬೋರ್ಡನ್ನು ನೀರು ಹೋಗದಂತೆ ಮುಚ್ಚಿಡಲು ತಿರುಪು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಬೇಕಿತ್ತು. ಅಡುಗೆಮನೆಯಲ್ಲಿ ಅಂಥದ್ದು ಒಂದೇ ಇತ್ತು, ಅತ್ತೆಯವರ ಇಂಗಿನ ಡಬ್ಬಿ. ಅದನ್ನು ನಾನು ಕದ್ದೆ. ಎಷ್ಟು ತೊಳೆದರೂ ಇಂಗು ಹೋಗಲಿಲ್ಲ. ಬೋರ್ಡು ಬಿಸಿಯಾದಾಗಲೆಲ್ಲ ಎಲ್ಲೋ ಸಾರಿಗೆ ಒಗ್ಗರಣೆ ಬಿದ್ದಂತಾಗಿ ನಮ್ಮಿಬ್ಬರಿಗೂ ಹಸಿವಾಗುತ್ತಿತ್ತು.

ಬೆಸುಗೆ ಹಾಕುವ ಕಡ್ಡಿಯನ್ನು ಮಾವ ಎಡಗೈಯಲ್ಲಿ ಹಿಡಿಯುತ್ತಿದ್ದರು, ನಾನು ವೈರು ಹಿಡಿಯುತ್ತಿದ್ದೆ. ಒಮ್ಮೆ ನನ್ನ ಬೆರಳು ಚುರ್ರೆಂದಿತು. ಮಾವ ಕನ್ನಡಕದ ಮೇಲಿಂದ ನೋಡಿ, 'ಸಿಗ್ನಲ್ ಕೊಡೋಕೆ ಮುಂಚೆ ಬಂದೆಯಲ್ಲಮ್ಮ' ಎಂದರು. ಪ್ರೋಗ್ರಾಂ ಬರೆಯುವುದು ನನ್ನ ಪಾಲು. ವಿಜ್ಞಾನದ ಮೇಡಂ ಎಂಬ ಬಿರುದು ಇದೆಯಲ್ಲ, ಅದನ್ನು ಉಳಿಸಿಕೊಳ್ಳಲು ಎಲ್ಲೆಲ್ಲಿಂದಲೋ ನಕಲು ಹೊಡೆದು, ಸ್ವಂತದ್ದೆಂಬಂತೆ ಗಂಭೀರವಾಗಿ ಟೈಪು ಮಾಡಿದೆ.

ತಾರಸಿಯ ಮೇಲೆ ಪರೀಕ್ಷೆ. ಮಾವ ಗಿರಗಿರ ತಿರುಗುವ ಕುರ್ಚಿಯಲ್ಲಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತರು. ನಾನು ಕುರ್ಚಿಯನ್ನು ಎಡಕ್ಕೆ ತಿರುಗಿಸಿದರೆ ಮೋಟರು ಅವರನ್ನು ಮತ್ತೆ ಬಲಕ್ಕೆ ತರುವಂತೆ, ಮುಂದೆ ಚುಕ್ಕಾಣಿಗೆ ಕಟ್ಟಬೇಕಾದ ತನ್ನ ಸರಳನ್ನು ತಳ್ಳಬೇಕು. ಅದು ಇನ್ನಷ್ಟು ಎಡಕ್ಕೇ ತಳ್ಳಿತು. ನಾನು ಲ್ಯಾಪ್‌ಟಾಪಿನಲ್ಲಿ ಎರಡು ದಿನ ತಪ್ಪು ಹುಡುಕಿದೆ. ಮೂರನೆಯ ದಿನ ಮಾವ ಮೋಟರಿನ ಎರಡು ವೈರು ಅದಲುಬದಲು ಮಾಡಿ, 'ನಿನ್ನ ಪ್ರೋಗ್ರಾಂ ಚೆನ್ನಾಗಿದೆ' ಎಂದರು. ಅದೇ ಹೊತ್ತಿಗೆ ಸಂಡಿಗೆ ಒಣಗಿಸಲು ಮೇಲೆ ಬಂದ ಅತ್ತೆ, ಸೊಸೆಯು ಮಾವನನ್ನು ಕುರ್ಚಿ ಸಮೇತ ಬುಗುರಿಯಂತೆ ತಿರುಗಿಸುತ್ತಿರುವುದನ್ನು ಕಂಡರು.

'ಅವ್ರಿಗೆ ತಲೆ ತಿರುಗತ್ತೆ ಕಣೇ.'

'ಇದು ಫಿಸಿಯೋಥೆರಪಿ ಅತ್ತೆ. ಹೊಸ ಥರದ್ದು.'

'ನಿಂಗೂ ಸ್ವಲ್ಪ ಬೇಕಾಗತ್ತೇನೋ' ಎಂದು ಹೇಳಿ ಸಂಡಿಗೆಯ ತಟ್ಟೆ ಇಟ್ಟು ಇಳಿದುಹೋದರು.

ಆ ಸುಳ್ಳು ಎಷ್ಟು ಅನುಕೂಲವಾಯಿತೆಂದರೆ, ಮಾವ ನಡುವೆ ಬಿಟ್ಟಿದ್ದ ಹಾಸನದ ಫಿಸಿಯೋಥೆರಪಿಗೆ ಮತ್ತೆ ಹೋಗುತ್ತೇವೆಂದು ಹೇಳಿ ಹಳೇಬೀಡಿನ ಬಸ್ಸು ಹತ್ತತೊಡಗಿದೆವು. ದೋಣಿ ಅಲ್ಲಿ ಕೆರೆಯ ಪಕ್ಕ ಮಾವನ ದಾಯಾದಿಯ ತೋಟದಲ್ಲಿತ್ತು. ಕೆರೆಯಲ್ಲಿ ಮೀನು ಹಿಡಿಯುವವರನ್ನು ಕೇಳಿದಾಗ, ಬಲೆ ಹರಿಯದಿದ್ದರೆ ಏನಾದರೂ ಮಾಡಿಕೊಳ್ಳಿ ಎಂದಿದ್ದರು.

ಆಷಾಢದ ಒಂದು ಭಾನುವಾರ ದೋಣಿಯನ್ನು ನೀರಿಗೆ ಇಳಿಸಿದೆವು. ಗಾಳಿ ಜೋರಾಗಿತ್ತು, ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟಿನಲ್ಲಿ ಮಾವ ಮದುಮಗನ ಹಾಗೆ ಕೂತಿದ್ದರು. ದೋಣಿ ಹಗುರವಾಗಿ ಓಲಾಡುತ್ತದೆಂದು ತಳದಲ್ಲಿ ಭಾರಕ್ಕೆ ಮೂರು ಕಬ್ಬಿಣದ ಬಟ್ಟು ಇಟ್ಟೆವು. ಅತ್ತೆಯವರ ತಂದೆಗೆ ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ಇತ್ತು. ಅಲ್ಲಿ ಮೂಟೆ ತೂಗುತ್ತಿದ್ದ ಬಟ್ಟುಗಳು ಅವು. ಅವನ್ನೂ ಕೇಳದೆಯೇ ತಂದಿದ್ದೆವೆಂದು ಬೇರೆ ಹೇಳಬೇಕಾಗಿಲ್ಲ.

ಡಬ್ಬಿಗೆ ಎದುರು ದಂಡೆಯ ದಿಕ್ಕು ಕೊಟ್ಟು ಗುಂಡಿ ಒತ್ತಿದೆ. ಮೋಟರು ಝುಯ್ ಎಂದಿತು. ದೋಣಿ ಎರಡು ಮಾರು ನೆಟ್ಟಗೆ ಹೋಗಿ, ಏನೋ ಮರೆತವರ ಹಾಗೆ ತಿರುಗಿ, ಪಕ್ಕದ ದಂಡೆಯತ್ತ ಹೊರಟಿತು. ನಾನು ಗುಂಡಿ ಒತ್ತಿದೆ, ಬಿಟ್ಟೆ, ಮತ್ತೆ ಒತ್ತಿದೆ. ಅದು ತನ್ನ ಹಟ ಬಿಡಲಿಲ್ಲ. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಎದ್ದು ನಿಂತಳು. ಅವಳ ಕಣ್ಣಿಗೆ ಬಿದ್ದದ್ದು ನಾವಲ್ಲ, ನೀರಿನ ಮೇಲೆ ಕೈ ಮುಗಿದು ನಗುತ್ತಾ ತನ್ನತ್ತಲೇ ಬರುತ್ತಿದ್ದ ನಾಯಕರು.

'ಎಲೆಕ್ಸನ್ ಬಂತೇನವ್ವ? ಈ ಸಲ ನೀರ್ ಮ್ಯಾಲೇ ಬತ್ತಾವ್ರೆ' ಎಂದು ಅವಳು ಪಕ್ಕದವರಿಗೆ ಹೇಳುವುದು ನಮಗೆ ಸ್ಪಷ್ಟವಾಗಿ ಕೇಳಿಸಿತು. ದೋಣಿ ಅವಳ ಬಕೆಟ್ಟಿಗೆ ಒಂದು ಗೇಣು ದೂರದಲ್ಲಿ ಕೆಸರಿಗೆ ಹೊಕ್ಕು ನಿಂತಿತು. ಏರಿಯ ಮೇಲೆ, ಕೊಡೆ ಹಿಡಿದು, ಅತ್ತೆ ನಿಂತಿದ್ದರು.

'ಹಾಸನ ಇಷ್ಟು ಹತ್ತಿರಕ್ಕೆ ಬಂತಾ?' ಎಂದರು.

ನಾವಿಬ್ಬರೂ ಕೆಸರನ್ನು ನೋಡಿದೆವು.

'ಫಿಸಿಯೋಥೆರಪಿಯವರು ಫೋನ್ ಮಾಡಿದ್ರು, ಯಾಕೆ ಬರ್ತಿಲ್ಲ ಅಂತ. ನಿಮ್ಮ ದಾಯಾದಿ ಹೆಂಡತಿಗೆ ಗುಟ್ಟು ಇಟ್ಕೊಳ್ಳೋಕೆ ಬರಲ್ಲ.' ಆಮೇಲೆ ಏರಿ ಇಳಿದು ಬಂದು ದೋಣಿಯೊಳಗೆ ಬಗ್ಗಿ ನೋಡಿದರು. 'ನಮ್ಮಪ್ಪನ ಬಟ್ಟು. ಹೊತ್ಕೊಂಡು ಬನ್ನಿ ಮನೆಗೆ.' ಇಂಗಿನ ಡಬ್ಬಿಯನ್ನೂ ನೋಡಿದರು. ಅದನ್ನೊಮ್ಮೆ ಮೂಸಿ, ಕೊಡೆ ಸರಿಮಾಡಿಕೊಂಡು ಏರಿಯತ್ತ ನಡೆದರು.

ಬಸ್ಸಿನಲ್ಲಿ ಮಾವ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದರು. ಬಾಣಾವರದ ಹತ್ತಿರ ಬಂದಾಗ, 'ಸಾಕು ಬಿಡಮ್ಮ. ನನ್ನ ಕೈಯಲ್ಲಿ ಆಗೋದಲ್ಲ ಇದು' ಎಂದರು. ಬೈಗುಳಕ್ಕೆ ನಾನು ಸಿದ್ಧಳಿದ್ದೆ, ಇದಕ್ಕಿರಲಿಲ್ಲ. ನನ್ನ ಪಕ್ಕದಲ್ಲಿದ್ದ ಅತ್ತೆಗೂ ಆ ಮಾತು ಕೇಳಿಸಿತು. ಅವರು ಕೊಡೆಯನ್ನು ಮಡಚಿ ಬಿಚ್ಚಿ ಮಡಚಿದರು.

ಮೂರು ದಿನ ಡಬ್ಬಿ, ಮೋಟರಿನ ಸಮೇತ, ನಡುಮನೆಯ ಮೂಲೆಯಲ್ಲಿ ಒಂದು ಮಣೆಯ ಮೇಲೆ, ಬಟ್ಟುಗಳ ಪಕ್ಕದಲ್ಲಿ ಬಿದ್ದಿತ್ತು. ಬ್ಯಾಟರಿ ತೆಗೆಯುವ ಉತ್ಸಾಹವೂ ಯಾರಿಗೂ ಇರಲಿಲ್ಲ. ನಾಲ್ಕನೆಯ ದಿನ ನಾನು ಶಾಲೆಗೆ ಹೊರಡುತ್ತಿದ್ದಾಗ ಅತ್ತೆ ನೆಲ ಒರೆಸುತ್ತಿದ್ದರು. ಬಟ್ಟೊಂದನ್ನು ಕಾಲಿನಿಂದ ಆಚೆ ಸರಿಸಿದರು. ಮೋಟರು ಝುಯ್ ಎಂದಿತು. ಅತ್ತೆ ನಿಂತರು. ಬಟ್ಟನ್ನು ಈಚೆ ಎಳೆದರು. ಮತ್ತೆ ಝುಯ್.

'ಬಾರೇ ಇಲ್ಲಿ' ಎಂದು ಕರೆದರು. 'ನಿನ್ನ ಈ ಡಬ್ಬಿ ಉತ್ತರ ದಕ್ಷಿಣ ಏನೂ ನೋಡ್ತಿಲ್ಲ. ನಮ್ಮಪ್ಪನ ಬಟ್ಟು ನೋಡ್ಕೊಂಡು ಕುಣೀತಿದೆ.'

ದಿಕ್ಸೂಚಿಯ ಹತ್ತಿರ ಕಬ್ಬಿಣ ಇಡಬಾರದೆಂದು ಪ್ರತಿವರ್ಷ ಎಂಟನೇ ತರಗತಿಗೆ ಪಾಠ ಮಾಡುವವಳು ನಾನು. ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆಯನ್ನೂ ಕೊಡುತ್ತೇನೆ. ಆ ದಿನ ಶಾಲೆಗೆ ರಜೆ ಹಾಕಿದೆ.

ಮಾವ ಓಡುತ್ತಾ ಬಂದರು ಎಂದರೆ ಉತ್ಪ್ರೇಕ್ಷೆ, ಆದರೆ ಕೋಲು ಮರೆತು ಬಂದರು. ಬಟ್ಟನ್ನು ಸರಿಸಿ ನೋಡಿ, ತಂದು ನೋಡಿ, ಹೆಂಡತಿಯ ಮುಖ ನೋಡಿದರು. 'ಹಾಗಾದ್ರೆ ಭಾರಕ್ಕೆ ಏನಿಡೋದು? ಮರಳಿನ ಮೂಟೆ?'

'ನೀವಿಬ್ರೂ ಇನ್ನೊಂದು ಸಲ ಸುಳ್ಳು ಹೇಳಿ ಹೋಗೋದು ಬೇಡ. ಭಾರ ತಾನೇ ಬೇಕಾಗಿರೋದು? ನಾನೇ ಕೂತ್ಕೋತೀನಿ' ಎಂದರು ಅತ್ತೆ. ಸ್ವಲ್ಪ ಯೋಚಿಸಿ, 'ನನ್ನ ಮೈಮೇಲೆ ಕಬ್ಬಿಣ ಇಲ್ಲ' ಎಂದೂ ಸೇರಿಸಿದರು. ಆದರೂ ನಾನು ಒಂದು ಪಿನ್ನು ತೆಗೆಸಿದೆ.

ಎರಡನೆಯ ಸಲ ದೋಣಿಯ ನಡುವೆ ಅತ್ತೆ ಲೈಫ್ ಜಾಕೆಟ್ಟಿನ ಮೇಲೆ ಸೆರಗು ಹೊದ್ದು ಕೂತರು. ಓಲಾಟ ಅಲ್ಲಿಗೆ ನಿಂತಿತು. ಹಾಯಿಯ ಹಗ್ಗ ಮಾವನ ಎಡಗೈಯಲ್ಲಿ, ಚುಕ್ಕಾಣಿ ಡಬ್ಬಿಯ ಕೈಯಲ್ಲಿ. ನಾಯಕರು ಗಾಳಿ ತುಂಬಿಕೊಂಡು ಕೆನ್ನೆ ಉಬ್ಬಿಸಿದರು. ದೋಣಿ ಗೆರೆ ಎಳೆದಂತೆ ಎದುರು ದಂಡೆಯತ್ತ ನಡೆಯಿತು. ಇಂಗಿನ ವಾಸನೆ ಬಂತು. ನನಗೆ ಕುಣಿಯಬೇಕೆನಿಸಿತು, ದೋಣಿಯಲ್ಲಿ ಕುಣಿಯಬಾರದೆಂದು ಕೂತೆ.

ಕೆರೆಯ ನಡುವೆ ಬಂದಾಗ ಮಾವನ ಮುಖ ನೋಡಿದೆ. ಅಲ್ಲಿ ಸಂತೋಷ ಇರಲಿಲ್ಲ. ರೈಲಿನಲ್ಲಿ ಕೂತ ಪ್ರಯಾಣಿಕನ ಮುಖ. ಅವರು ಚುಕ್ಕಾಣಿಯನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಹಗ್ಗವನ್ನು ಕಾಲಿನ ಕೆಳಗೆ ಒತ್ತಿಕೊಂಡು, ಎಡಗೈ ಚಾಚಿ, ಡಬ್ಬಿಯ ಸ್ವಿಚ್ಚು ಆರಿಸಿದರು. ಮೋಟರಿನ ಸರಳನ್ನು ಚುಕ್ಕಾಣಿಯಿಂದ ಕಳಚಿದರು. ಆಮೇಲೆ ತೊಡೆಯ ಮೇಲಿದ್ದ ಬಲಗೈಯನ್ನು ಎಡಗೈಯಿಂದ ಎತ್ತಿ, ಚುಕ್ಕಾಣಿಯ ಹಿಡಿಯ ಮೇಲೆ ಇಟ್ಟರು.

ದೋಣಿ ಬಲಕ್ಕೆ ವಾಲಿತು. ಹಿಡಿಯ ಮೇಲೆ ಬೆರಳುಗಳು ನಡುಗಿದವು, ಜಾರಿದವು, ಮತ್ತೆ ಹಿಡಿದವು. ದೋಣಿ ಎಡಕ್ಕೆ ಬಂತು, ತುಂಬಾ ಎಡಕ್ಕೆ ಬಂತು. ಅತ್ತೆಯ ಕೈ ತಾನಾಗಿಯೇ ಮುಂದೆ ಚಾಚಿತು. ಅನ್ನ ಕಲಸಿ ಕಲಸಿ ರೂಢಿಯಾದ ಕೈ. ಅದು ಅರ್ಧ ದಾರಿಯಲ್ಲಿ ನಿಂತಿತು. ಅತ್ತೆ ಎರಡೂ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡು, ತೊಡೆಯ ಕೆಳಗೆ ಸೇರಿಸಿ, ಅವುಗಳ ಮೇಲೆ ಗಟ್ಟಿಯಾಗಿ ಕೂತುಬಿಟ್ಟರು.

ನಾವು ಅಂದುಕೊಂಡ ಜಾಗಕ್ಕೂ ತಲುಪಿದ ಜಾಗಕ್ಕೂ ಸಂಬಂಧವೇ ಇರಲಿಲ್ಲ. ಎಮ್ಮೆ ತೊಳೆಯುತ್ತಿದ್ದವನೊಬ್ಬ ನಮ್ಮನ್ನು ನೋಡಿ ಎಮ್ಮೆಯನ್ನು ಪಕ್ಕಕ್ಕೆ ಎಳೆದುಕೊಂಡ.

'ಸರಿಯಾಗಿ ಬಂದ್ವಿ' ಎಂದರು ಮಾವ.

'ಹೂಂ. ಇಲ್ಲಿಗೇ ಬರಬೇಕಾಗಿತ್ತು' ಎಂದರು ಅತ್ತೆ.

ವಾಪಸ್ಸು ಬರಲು ಗಾಳಿ ಎದುರಾಗಿತ್ತು. ಹುಟ್ಟು ಹಾಕಿದವಳು ನಾನು. ಅದನ್ನು ಇಬ್ಬರೂ ಯಾರಿಗೂ ಹೇಳುವುದಿಲ್ಲ.

ಇಷ್ಟೆಲ್ಲ ಆಗಿ ಕೆಲವು ವರ್ಷಗಳಾದವು. ಪ್ರಯೋಗಾಲಯದ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೆನೆಸಿಕೊಳ್ಳುತ್ತಿದ್ದಾಗ ಫೋನು ಬಂತು. ಅತ್ತೆ. ಹಿಂದೆ ಗಾಳಿಯ ಸದ್ದು. ಇಬ್ಬರೂ ಬೆಳಗಿನ ಬಸ್ಸಿಗೇ ಹೊರಟಿದ್ದರೆಂದು ಆಗ ಗೊತ್ತಾಯಿತು.

'ಇವತ್ತು ಹಗ್ಗ ನಿಮ್ಮ ಮಾವಂದು, ಚುಕ್ಕಾಣಿ ನಂದು ಅಂತ ಮಾತಾಗಿತ್ತು ಕಣೇ. ಈಗ ನೋಡಿದ್ರೆ ಮಿಷಿನ್ ಹಾಕಿ ಕೂತ್ಬಿಟ್ಟಿದ್ದಾರೆ. ಆರಿಸೋ ಸ್ವಿಚ್ಚು ಯಾವುದು, ಕೆಂಪಾ ಕರಿಯಾ?'

ಹಿಂದಿನಿಂದ ಮಾವನ ದನಿ ಕೇಳಿಸಿತು. 'ಹೇಳಬೇಡಮ್ಮ. ಎಮ್ಮೆಗೆ ಹೊಡೀತಾಳೆ.'

ಅತ್ತೆಗೆ ಈಜು ಬರುವುದಿಲ್ಲ, ದಿಕ್ಕು ಗೊತ್ತಾಗುವುದಿಲ್ಲ. ಎಚ್ಚರಿಕೆಯ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು.

'ಜಾಕೆಟ್ ಹಾಕಿದೀರಾ ಅತ್ತೆ?'

'ಹಾಕಿದೀನಿ.'

'ಕರಿದು' ಎಂದೆ.