ಹುಳದ ಮನೆಯ ಹೊರಗಿಟ್ಟ ಪಂಪು

ಹೋದ ತಿಂಗಳು ಹೊಸ ಬೆಳೆಗೆ ಮುಂಚೆ ರೇಷ್ಮೆ ಹುಳದ ಮನೆ ತೊಳೆಯುವಾಗ, ಹುಳ ಗೂಡು ಕಟ್ಟಲು ಬಿಡುವ ಹಳೆಯ ಚಂದ್ರಿಕೆಗಳ ಹಿಂದೆ ಒಂದು ಪ್ಲಾಸ್ಟಿಕ್ ಬಾಟಲಿ ಸಿಕ್ಕಿತು. ಅರ್ಧ ಲೀಟರಿನ ನೀರಿನ ಬಾಟಲಿ. ತಳದಲ್ಲಿ ಹೆಬ್ಬೆರಳು ತೂರುವಷ್ಟು ತೂತು. ತೂತಿನ ಅಂಚು ಸುಟ್ಟು ಕಂದಾಗಿ ಮುದುರಿಕೊಂಡಿತ್ತು. ಹೆಂಡತಿ ಅದನ್ನು ಕಸದ ಮಂಕರಿಗೆ ಹಾಕಲು ಹೊರಟಿದ್ದಳು. ನಾನು ಕಸಿದುಕೊಂಡೆ. ತೂತು ಬಾಟಲಿ ಇಟ್ಟುಕೊಂಡು ಏನು ಮಾಡುತ್ತೀರಿ ಎಂದು ಕೇಳಿದಳು. ಉತ್ತರ ಹೇಳಬೇಕೆಂದರೆ ಹನ್ನೆರಡು ವರ್ಷದ ಹಿಂದಿನಿಂದ ಶುರುಮಾಡಬೇಕು. ಆಗ ಅವಳಿನ್ನೂ ಈ ಮನೆಗೆ ಬಂದಿರಲಿಲ್ಲ.

ಆ ಬಾಟಲಿ ಮಾಡಿದ್ದು ಅಕ್ಕ. ಒಡಹುಟ್ಟಿದವಳಲ್ಲ, ನಮ್ಮ ಬೀದಿಯ ಕೊನೆಮನೆ ಸೊಸೆ, ಊರಿನ ಆಶಾ ಕಾರ್ಯಕರ್ತೆ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಹೊಂಗನೂರಿನಿಂದ ಒಳಗೆ ನಡೆದರೆ ಸಿಗುವ ನಮ್ಮ ಸಣ್ಣ ಊರಿನಲ್ಲಿ ಬೆಳಗಾದರೆ ಗುಲಾಬಿ ಸೀರೆ, ಹೆಗಲಿಗೊಂದು ಚೀಲ, ಮನೆಯಿಂದ ಮನೆಗೆ ಅದೇ ರಾಗ. ಬಸುರಿ ಬಾಣಂತಿಯರನ್ನು, ಮಕ್ಕಳ ಲಸಿಕೆಯನ್ನು ನೋಡಿಕೊಳ್ಳುವುದಷ್ಟೇ ಅವಳ ಕೆಲಸವೆಂದು ಊರು ತಿಳಿದಿತ್ತು. ಅಕ್ಕ ಉಬ್ಬಸದವರ ಬೆನ್ನು ಬಿದ್ದಿದ್ದಳು. ಅದರ ಬಗ್ಗೆ ಎಲ್ಲೋ ಒಂದು ದಿನದ ತರಬೇತಿ ಕೊಟ್ಟರಂತೆ. ಮಿಕ್ಕವರೆಲ್ಲ ಊಟ ಮಾಡಿ ಸಹಿ ಹಾಕಿ ಬಂದರು. ಇವಳೊಬ್ಬಳು ಕಿವಿಗೊಟ್ಟು ಕೇಳಿದ್ದಳು. ತೊಂದರೆ ಶುರುವಾಗಿದ್ದೇ ಅಲ್ಲಿಂದ.

ರೇಷ್ಮೆ ಸಾಕುವ ಊರಿನಲ್ಲಿ ಉಬ್ಬಸಕ್ಕೆ ಬರವೇ? ಸುಣ್ಣ, ಬ್ಲೀಚಿಂಗ್ ಪೌಡರು, ಹುಳದ ಹಿಕ್ಕೆಯ ದೂಳು, ಚಂದ್ರಿಕೆಗೆ ಅಂಟಿದ ನೂಲು ಸುಡುವ ಹೊಗೆ... ನಮ್ಮ ಅವ್ವ ಇವನ್ನೆಲ್ಲ ಮೂವತ್ತು ವರ್ಷ ಕುಡಿದವಳು. ಚನ್ನಪಟ್ಟಣದ ಡಾಕ್ಟರು ಎರಡು ಪಂಪು, ಎಂದರೆ ಇನ್ಹೇಲರು, ಬರೆದುಕೊಟ್ಟಿದ್ದರು. ಒಂದು ದಿನಾ ಎರಡು ಹೊತ್ತು ಎಳೆಯಲು, ನೀಲಿಯದು ದಮ್ಮು ಕಟ್ಟಿದಾಗ. ಅವ್ವ ಒತ್ತುವಾಗ ಎಳೆಯುತ್ತಿರಲಿಲ್ಲ, ಎಳೆಯುವಾಗ ಒತ್ತುತ್ತಿರಲಿಲ್ಲ. ಔಷಧಿಯೆಲ್ಲ ನಾಲಿಗೆಯ ಮೇಲೆ. ಕಹಿ ಎಂದು ಉಗಿದು, ಇದರಿಂದ ಏನೂ ಆಗಲ್ಲ ಎಂದು ನನ್ನ ಮೇಲೆ ರೇಗುತ್ತಿದ್ದಳು. ನಾನು ಡಾಕ್ಟರ ಮೇಲೆ ರೇಗುತ್ತಿದ್ದೆ. ಅಕ್ಕ ಯಾರ ಮೇಲೂ ರೇಗದೆ ಒಂದು ಖಾಲಿ ಬಾಟಲಿ ಕೇಳಿದಳು. ನಮ್ಮ ಮನೆಯ ಮುಂದೆ ಬೀದಿಯಲ್ಲೇ ಕೂತು, ಕಂಬಿ ಕಾಯಿಸಿ ತಳ ತೂತು ಮಾಡಿ, ಪಂಪಿನ ಮೂತಿಯನ್ನು ಆ ತೂತಿಗೆ ಸಿಕ್ಕಿಸಿದಳು. ಬಾಟಲಿಯ ಬಾಯಿ ಅವ್ವನ ಬಾಯಿಗೆ. ಅಕ್ಕ ಪಂಪು ಒತ್ತಿದಳು. ಅವ್ವ ಸುಮ್ಮನೆ ಉಸಿರಾಡಿದಳು, ಅಷ್ಟೇ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯಬೇಕಾಗಿರಲಿಲ್ಲ.

ಹುಳದ ಮನೆಗೆ ಅದರದ್ದೇ ಕಟ್ಟುಪಾಡು. ಹೊರಗಿನವರು ಬರುವಂತಿಲ್ಲ. ಸೊಳ್ಳೆಬತ್ತಿ ಹಚ್ಚುವಂತಿಲ್ಲ, ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಹಿಪ್ಪುನೇರಳೆ ಸೊಪ್ಪು ಹಾಕುವಂತಿಲ್ಲ. ಇವೆಲ್ಲ ಸರಿಯೇ, ಹುಳ ಅಷ್ಟು ಸೂಕ್ಷ್ಮ, ಇಂಥದ್ದಕ್ಕೆಲ್ಲ ಸಾಯುತ್ತದೆ. ನಮ್ಮೂರಿನವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಬುಸ್ ಅಂತ ಹೊಡೆಯುವುದೆಲ್ಲ ಔಷಧಿ, ಔಷಧಿಯೆಲ್ಲ ಹುಳಕ್ಕೆ ವಿಷ. ಹಾಗಾಗಿ ದಮ್ಮಿನ ಪಂಪೂ ವಿಷ. ಬೆಳೆ ನಡೆಯುವಷ್ಟು ದಿನವೂ ಪಂಪು ಹುಳದ ಮನೆಯ ಹೊರಗೆ. ನಮ್ಮ ನೀಲಿ ಪಂಪು ದನದ ಕೊಟ್ಟಿಗೆ ಗೋಡೆಯ ಮಾಡದಲ್ಲಿ, ಒಂದು ತಗಡಿನ ಡಬ್ಬಿಯೊಳಗೆ ಇರುತ್ತಿತ್ತು. ದಮ್ಮು ಕಟ್ಟುವುದು ಸುಣ್ಣ ಹೊಡೆಯುವಾಗ, ಹಿಕ್ಕೆ ತೆಗೆಯುವಾಗ, ಎಂದರೆ ಹುಳದ ಮನೆಯ ಒಳಗೇ. ಪಂಪು ಮಾತ್ರ ಕೊಟ್ಟಿಗೆಯಲ್ಲಿ! ಇದನ್ನು ಕೇಳಿದ ದಿನ ಅಕ್ಕ ಮೊದಲ ಸಲ ರೇಗಿದ್ದು.

ಅಂಗನವಾಡಿಯಲ್ಲಿ ಸಭೆ ಕರೆದಳು. ಬಂದವರು ಮೂರು ಜನ. ಅದರಲ್ಲಿ ಒಬ್ಬಳು ಮಗುವನ್ನು ಕರೆದುಕೊಂಡು ಹೋಗಲು ಬಂದಿದ್ದವಳು. ಮುಂದಿನ ಸಲ ಅಕ್ಕ ಹಾಲಿನ ಡೇರಿಗೆ ಬಂದಳು. ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರು ಹಾಲು ಅಳೆಸದೆ ಎಲ್ಲಿಗೂ ಓಡಿಹೋಗುವುದಿಲ್ಲ ಎಂಬುದು ಅವಳ ಲೆಕ್ಕ. ಕೈಯಲ್ಲೊಂದು ಬಿದಿರಿನ ತಟ್ಟೆ. ಅದರ ತುಂಬ ಸೊಪ್ಪು, ಸೊಪ್ಪಿನ ಮೇಲೆ ನಾಲ್ಕನೇ ಜ್ವರ ಎದ್ದು, ಎಂದರೆ ನಾಲ್ಕನೇ ಸಲ ಪೊರೆ ಬಿಟ್ಟು, ಬೆರಳು ಗಾತ್ರ ಬೆಳೆದಿದ್ದ ಇಪ್ಪತ್ತು ಹುಳ. ಅವಳ ಮನೆಯವೇ. ಗಂಡನಿಗೆ ಹೇಳದೆ ತಂದಿದ್ದಳು.

"ನೋಡ್ಕಳಿ" ಎಂದವಳೇ ಹುಳದ ಮೇಲೆ ಪಂಪು ಹೊಡೆದಳು. ಒಂದಲ್ಲ, ನಾಲ್ಕು ಸಲ. ಸಾಲು ಮುರಿದು ಎಲ್ಲರೂ ಬಗ್ಗಿ ನೋಡಿದರು. ಹುಳಗಳು ತಲೆ ಎತ್ತಿ, ಆಮೇಲೆ ಮತ್ತೆ ಸೊಪ್ಪು ತಿನ್ನತೊಡಗಿದವು. ತಟ್ಟೆಯನ್ನು ಡೇರಿಯ ಮೂಲೆಯಲ್ಲೇ ಇಟ್ಟು ದಿನಾ ಎರಡು ಹೊತ್ತೂ ಬಂದು ಸೊಪ್ಪು ಹಾಕಿದಳು. ಹುಳ ಹಣ್ಣಾಗಿ ಗೂಡು ಕಟ್ಟುವ ಹದಕ್ಕೆ ಬಂದವು. ಒಂದು ತುಂಡು ಚಂದ್ರಿಕೆಗೆ ಬಿಟ್ಟಳು. ಇಪ್ಪತ್ತಕ್ಕೆ ಇಪ್ಪತ್ತೂ ಗೂಡು ಕಟ್ಟಿದವು. ಅಷ್ಟೂ ಗೂಡನ್ನು ಒಂದೊಂದಾಗಿ ಎಲ್ಲರ ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳಗೆ ಹುಳ ಗಟ್ಟಿಯಾಗಿದೆ ಎಂದು ತಿಳಿಯಲು ನಾವು ಮಾಡುವುದೇ ಹಾಗೆ. ಗೂಡುಗಳು ಗಲಗಲ ಎಂದವು.

ಅದರ ಮುಂದಿನ ಬೆಳೆಗೆ ಊರಿನ ಏಳೆಂಟು ಮನೆಯವರು ಪಂಪನ್ನು ಹುಳದ ಮನೆಯೊಳಗೆ ಇಟ್ಟುಕೊಂಡರು. ಅದರಲ್ಲಿ ನಮ್ಮದೂ ಒಂದು.

ಆ ಬೆಳೆ ನಮ್ಮ ಮನೆಯಲ್ಲಿ ನೆಲ ಕಚ್ಚಿತು.

ಹುಳ ಇನ್ನೇನು ಹಣ್ಣಾಗಬೇಕು, ಅಂಥ ದಿನ ಸೊಪ್ಪು ಸಾಲದೆ ಬಂತು. ನಮ್ಮ ತೋಟದ ಅಂಚಿನ ನಾಲ್ಕು ಸಾಲನ್ನು ನಾನು ಬಿಟ್ಟಿದ್ದೆ. ಪಕ್ಕದವನು ಟೊಮ್ಯಾಟೊಗೆ ಔಷಧಿ ಹೊಡೆದಿದ್ದ. ಹದಿನೈದು ದಿನ ಆ ಕಡೆ ಸೊಪ್ಪು ಮುಟ್ಟಬೇಡ ಎಂದು ಅವನೇ ಕೂಗಿ ಹೇಳಿದ್ದ. ಆರನೇ ದಿನಕ್ಕೆ ಕೊಯ್ದೆ. ಗಾಳಿ ಆ ಕಡೆ ಬೀಸಿತ್ತು, ನಮ್ಮ ಕಡೆಗಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಸಂಜೆ ಹೊತ್ತಿಗೆ ಹುಳ ತಲೆ ಒದರುತ್ತಿದ್ದವು. ಬೆಳಿಗ್ಗೆ ನೋಡಿದರೆ ಹಸಿರು ಕಕ್ಕಿ, ಮುದುರಿ, ತಟ್ಟೆ ತಟ್ಟೆಗೆ...

ಊರು ಬಂದು ನೋಡಿತು. ವಿಷದ ಸಾವು ಎಂಬುದು ಯಾರಿಗಾದರೂ ತಿಳಿಯುತ್ತಿತ್ತು. ತಟ್ಟೆ ಜೋಡಿಸುವ ಸ್ಟ್ಯಾಂಡಿನ ಮೊಳೆಗೆ ನೇತುಹಾಕಿದ್ದ ನೀಲಿ ಪಂಪೂ ಎಲ್ಲರಿಗೂ ಕಾಣುತ್ತಿತ್ತು. ಯಾರೋ "ಪಂಪು ಕಣ್ಲಾ" ಎಂದರು. ನಾನು ಹೌದು ಅನ್ನಲಿಲ್ಲ. ಅಲ್ಲ ಅಂತಲೂ ಅನ್ನಲಿಲ್ಲ. ಅವ್ವ ಅಲ್ಲೇ ನಿಂತಿದ್ದಳು, ಪಕ್ಕದವನೂ ಇದ್ದ. ನಿಜ ಹೇಳಿದರೆ, ಅವನು ಎಚ್ಚರಿಸಿದ್ದರೂ ಕೊಯ್ದವನು ಎಂಬ ಮಾತು ಬರುತ್ತಿತ್ತು. ಆಗ ನನಗೆ ಹೆಣ್ಣು ನೋಡುತ್ತಿದ್ದರು. ಬೇಸಾಯ ಗೊತ್ತಿಲ್ಲದ ಹುಡುಗ ಅನ್ನಿಸಿಕೊಳ್ಳುವುದಕ್ಕಿಂತ ಸುಮ್ಮನಿರುವುದು ಸಲೀಸಾಗಿತ್ತು.

ಅಕ್ಕ ಓಡಿ ಬಂದಳು. ಸತ್ತ ಹುಳ ಎತ್ತಿ ಅಂಗೈಯಲ್ಲಿ ಹೊರಳಿಸಿ ನೋಡಿದಳು. ಅವಳೂ ಹುಳ ಸಾಕಿದವಳೇ. ನೇರ ನನ್ನ ಮುಖ ನೋಡಿ ಕೇಳಿದಳು: "ಸೊಪ್ಪು ಯಾವ ಕಡೆಯಿಂದ ಕುಯ್ದೆ?"

"ಬಾವಿ ಕಡೆಯಿಂದ" ಎಂದೆ. ಪಕ್ಕದವನಿಗೂ ಅಷ್ಟೇ ಬೇಕಿತ್ತು, ತನ್ನ ಔಷಧಿಯ ಮಾತು ಬರಲಿಲ್ಲವಲ್ಲ. ಅವನು ಬೇಗ ಬೇಗ ತಲೆ ಆಡಿಸಿದ.

ಅಕ್ಕ ಮತ್ತೆ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ... ಇಲ್ಲ, ಹೇಳುತ್ತಿರಲಿಲ್ಲ. ಈಗಲೂ ನನ್ನನ್ನು ನಾನು ಒಳ್ಳೆಯವನನ್ನಾಗಿ ಮಾಡಿಕೊಳ್ಳಲು ನೋಡುತ್ತೇನಲ್ಲ, ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ವಾರದೊಳಗೆ ಎಲ್ಲರ ಪಂಪೂ ಹೊರಗೆ ಹೋದವು. ಅಕ್ಕನೂ ಹೊರಗೇ. ಬೆಳೆ ಇರುವಾಗ ಅವಳು ಬಂದರೆ ಬಾಗಿಲು ಮುಂದಕ್ಕೆ ಹಾಕುತ್ತಿದ್ದರು. ಬೀದಿಯಲ್ಲೇ ನಿಂತು ಕೂಗಿ ವಿಚಾರಿಸಬೇಕಿತ್ತು. ಆದರೂ ಒಂದು ದಿನವೂ ತಪ್ಪಿಸಲಿಲ್ಲ. ಅವಳ ದನಿ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಇಷ್ಟೆಲ್ಲ ಆದರೂ ಇವಳಿಗೆ ಬುದ್ಧಿ ಬರಲಿಲ್ಲವಲ್ಲ ಎಂದು ಮನಸ್ಸಿನಲ್ಲೇ ಬೈಯುತ್ತಿದ್ದೆ. ತಪ್ಪು ಮಾಡಿದವನಿಗೆ ಸಿಟ್ಟೂ ಜಾಸ್ತಿ.

ಅದಾದ ಮೇಲಿನ ಬೆಳೆಯಲ್ಲಿ, ಒಂದು ಮಧ್ಯಾಹ್ನ, ಅವ್ವ ಹುಳಕ್ಕೆ ಸುಣ್ಣ ಉದುರಿಸುತ್ತಿದ್ದವಳು ಸ್ಟ್ಯಾಂಡು ಹಿಡಿದುಕೊಂಡು ಕುಸಿದಳು. ಎದೆಯೊಳಗೆ ಸಿಳ್ಳೆ. ಮಾತು ಬರುತ್ತಿಲ್ಲ, ತುಟಿಯ ಬಣ್ಣವೇ ಬೇರೆ ಆಗಿದೆ. ಕೊಟ್ಟಿಗೆಗೆ ಓಡಿದೆ. ಡಬ್ಬಿಯ ಮುಚ್ಚಳ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಉಗುರಿನಲ್ಲಿ ಎತ್ತಿದೆ, ಹಲ್ಲಿನಲ್ಲಿ ಕಚ್ಚಿದೆ, ಕಲ್ಲಿಗೆ ಬಡಿದೆ. ಅಲ್ಲಿ ಅವ್ವನಿಗೆ ಉಸಿರಿಲ್ಲ, ಇಲ್ಲಿ ನಾನು ಡಬ್ಬಿ ಬಡಿಯುತ್ತಿದ್ದೇನೆ... ಬಡಿದ ಸದ್ದಿಗೇ ಅಕ್ಕ ಬೀದಿಯಿಂದ ಓಡಿ ಬಂದಿದ್ದು. ಚಪ್ಪಲಿಯಲ್ಲೇ ಹುಳದ ಮನೆಯೊಳಗೆ ನುಗ್ಗಿದಳು. ಚೀಲದಿಂದ ಬಾಟಲಿ, ಪಂಪು ತೆಗೆದು, ಅವ್ವನನ್ನು ನೆಟ್ಟಗೆ ಕೂರಿಸಿ, ಒಂದು ಸಲ ಒತ್ತಿ ನಾಲ್ಕೈದು ಉಸಿರು, ಮತ್ತೊಂದು ಸಲ ಒತ್ತಿ ನಾಲ್ಕೈದು ಉಸಿರು. "ಆತುರ ಬೇಡ ಕಣವ್ವ. ಮೆಲ್ಲಗೆ" ಎನ್ನುತ್ತಿದ್ದಳು. ಹುಳಗಳು ತಲೆಯ ಮೇಲಿನ ತಟ್ಟೆಗಳಲ್ಲಿ ಸೊಪ್ಪು ಮೇಯುತ್ತಲೇ ಇದ್ದವು.

ಚನ್ನಪಟ್ಟಣದ ಆಸ್ಪತ್ರೆಗೆ ಆಟೋದಲ್ಲಿ ಹೋಗುವಾಗ ನಾನು ಮುಂದೆ, ಅವರಿಬ್ಬರು ಹಿಂದೆ. ದಾರಿಯಲ್ಲೂ ಅಕ್ಕ ಪಂಪು ಕೊಡುತ್ತಲೇ ಇದ್ದಳು. ಅವ್ವನ ಉಸಿರು ಒಸಿ ಹತೋಟಿಗೆ ಬಂದಾಗ ಹಿಂದೆ ತಿರುಗಿ "ಅಕ್ಕ, ಅವತ್ತು ಸೊಪ್ಪು..." ಎಂದೆ.

"ಈಗ ಸುಮ್ಕೆ ಕೂತ್ಕೊ" ಎಂದಳು. "ಇನ್ನಾದ್ರೂ ಪಂಪು ಒಳಗಿಡು. ನಂಗೆ ಅಷ್ಟೇ ಸಾಕು."

ಸುಮ್ಮನೆ ಕೂತೆ. ಸುಮ್ಮನಿರುವುದು ನನಗೆ ಚೆನ್ನಾಗಿ ರೂಢಿಯಾಗಿತ್ತು.

ಅವ್ವ ಉಳಿದಳು. ಆಮೇಲೆ ಯಾರನ್ನೂ ಕೇಳದೆ ನೀಲಿ ಪಂಪನ್ನು ತನ್ನ ಸೊಂಟದ ಎಲೆಅಡಿಕೆ ಚೀಲಕ್ಕೆ ಸೇರಿಸಿದಳು. ಹೊಗೆಸೊಪ್ಪು ಬಿಟ್ಟಿದ್ದು ಆ ಜಾಗಕ್ಕಾಗಿಯೇ ಎಂದು ಈಗಲೂ ಹೇಳುತ್ತಾಳೆ. ಅಕ್ಕ ಮಾಡಿಕೊಟ್ಟ ಬಾಟಲಿಯನ್ನು ಹುಳದ ಮನೆಯಲ್ಲೇ ಚಂದ್ರಿಕೆಗಳ ಹಿಂದೆ ಬಚ್ಚಿಟ್ಟಿದ್ದಳು. ಅಂದಿನಿಂದ ಪಂಪು ಒಳಗಿದ್ದೇ ಅದೆಷ್ಟೋ ಬೆಳೆ ತೆಗೆದಿದ್ದೇವೆ, ಒಂದೂ ಕೆಟ್ಟಿಲ್ಲ. ಕದ್ದು ಇಟ್ಟದ್ದರಿಂದ ಅದು ಊರಿಗೆ ಗೊತ್ತಿಲ್ಲ. ಊರಿಗೆ ಗೊತ್ತಿರುವುದು ಕೆಟ್ಟ ಒಂದು ಬೆಳೆ ಮಾತ್ರ.

ಅಕ್ಕ ಹೋಗಿ ಮೂರು ವರ್ಷವಾಯಿತು. ಕಿಡ್ನಿ ಕೆಟ್ಟಿತ್ತು. ಊರಿನವರ ಬಿ.ಪಿ., ಶುಗರು ಬರೆದುಕೊಳ್ಳುತ್ತ ತಿರುಗಿದವಳು ತನ್ನದನ್ನು ನೋಡಿಸಿಕೊಂಡಿರಲಿಲ್ಲ. ಇದಕ್ಕೂ ನನಗೆ ಅವಳ ಮೇಲೆ ಸಿಟ್ಟಿದೆ. ಮಣ್ಣಿಗೆ ಹೋಗಿದ್ದೆ, ಹೂವು ಹಾಕಿದೆ, ಬಂದೆ.

ಮೊನ್ನೆ ಸಂಜೆ ಡೇರಿಯ ಮುಂದೆ ಈಗಿನ ಆಶಾ ಹುಡುಗಿ ಮೊಬೈಲಿನಲ್ಲಿ ವಿಡಿಯೊ ತೋರಿಸುತ್ತ, ಪಂಪು ಕೈಗೆಟುಕುವ ಹಾಗೆ ಇಟ್ಟುಕೊಳ್ಳಿ ಎಂದು ಹೇಳುತ್ತಿದ್ದಳು. ಸಾಲಿನಲ್ಲಿದ್ದ ಒಬ್ಬ, "ಹುಳದ ಮನೇಲಿ ಆಗಕಿಲ್ಲ ಕಣಮ್ಮ, ಇವ್ರ ಮನೆ ಬೆಳೆ ಅದ್ರಿಂದ್ಲೇ ಹೋಯ್ತಲ್ಲ" ಎಂದು ನನ್ನ ಕಡೆ ಕೈ ತೋರಿಸಿದ. ಅವನಿಗೆ ಆಗ ಹದಿಮೂರು ವರ್ಷವೂ ಇದ್ದಿರಲಿಕ್ಕಿಲ್ಲ. ಅವನ ಹೆಂಡತಿಗೆ ಉಬ್ಬಸ ಇದೆ ಎಂದು ನನಗೆ ಗೊತ್ತು.

ಕ್ಯಾನು ಕೆಳಗಿಟ್ಟೆ. "ಪಂಪಿಂದ ಅಲ್ಲ" ಎಂದೆ. "ಔಷಧಿ ಹೊಡ್ದಿದ್ ಸೊಪ್ಪು ಕುಯ್ದು ಹಾಕಿದ್ದೆ. ನಾನೇ. ಅಕ್ಕಂಗೆ ಸುಳ್ಳು ಹೇಳ್ದೆ."

ಹನ್ನೆರಡು ವರ್ಷ ಗಂಟಲಲ್ಲಿದ್ದ ಮಾತು. ಆಡಿದರೆ ಆಕಾಶವೇ ಬೀಳುತ್ತದೆ ಎಂದುಕೊಂಡಿದ್ದೆ. ಹಿರಿಯರೊಬ್ಬರು ನನ್ನ ಬೆನ್ನು ತಟ್ಟಿ, "ದೊಡ್ಡ ಮನ್ಸು ಕಣ್ಲಾ ನಿಂದು. ಸತ್ತೋಳ ಮ್ಯಾಲೆ ತಪ್ಪು ಬರಬಾರ್ದು ಅಂತ ನಿನ್ ಮ್ಯಾಲೆ ಹಾಕ್ಕೊತಿದ್ದೀಯ" ಎಂದರು. ಎಲ್ಲರೂ ತಲೆ ಆಡಿಸಿದರು. ಸುಳ್ಳನ್ನು ಒಂದೇ ಮಾತಿಗೆ ನಂಬಿದ್ದ ಊರು! ಪಕ್ಕದವನನ್ನು ಕೇಳಿ ಎನ್ನೋಣವೆಂದರೆ ಅವನೂ ಈಗ ಇಲ್ಲ. ಆ ಹುಡುಗಿ ಮಾತ್ರ ನನ್ನನ್ನೇ ನೋಡುತ್ತಿದ್ದಳು. ಹಾಲು ಅಳೆಸಿ ಹೊರಟಾಗ ಹಿಂದೆಯೇ ಬಂದು ಮೆಲ್ಲಗೆ ಕೇಳಿದಳು: "ಅವ್ರಿದ್ದಾಗ ಹೇಳಿದ್ರಾ ಅಣ್ಣ?"

ಇಲ್ಲ ಎಂದೆ.

ಇನ್ನೆರಡು ದಿನಕ್ಕೆ ನಮ್ಮ ಹುಳ ನಾಲ್ಕನೇ ಜ್ವರ ಏಳುತ್ತವೆ. ಇಪ್ಪತ್ತು ಹುಳ ತಟ್ಟೆಗೆ ಹಾಕಿಕೊಂಡು ಡೇರಿಗೆ ಹೋಗುತ್ತೇನೆ, ನೋಡೋಣ. ಅಕ್ಕನ ಬಾಟಲಿಯ ಮಾತು ಕೇಳಿ ಆ ಹುಡುಗಿಗೂ ಅಂಥದ್ದೊಂದು ಬೇಕಂತೆ. ಹಳೆಯದು ಸೀಳಿದೆ, ಇವತ್ತು ಹೊಸದಕ್ಕೆ ತೂತು ಮಾಡೋಣವೆಂದು ಅಡುಗೆ ಒಲೆಯಲ್ಲೇ ಕಂಬಿ ಕಾಯಿಸಿ ಒತ್ತಿದೆ. ಪ್ಲಾಸ್ಟಿಕ್ ಸುಟ್ಟ ಹೊಗೆ ಮನೆಯೆಲ್ಲ ತುಂಬಿತು. ನಡುಮನೆಯಲ್ಲಿ ಅವ್ವ ಕೆಮ್ಮತೊಡಗಿದಳು. "ಬೀದಿಗೆ ಹೋಗಿ ಸುಡ್ಲಾ. ಅವ್ಳು ಒಂದು ದಿನನಾದ್ರೂ ಒಳಗೆ ಸುಟ್ಟಿದ್ಲಾ?" ಎಂದು ಬೈದು, ಎಲೆಅಡಿಕೆ ಚೀಲಕ್ಕೆ ಕೈ ಹಾಕಿದಳು.

ಎಲ್ಲವನ್ನೂ ಎತ್ತಿಕೊಂಡು ಬೀದಿಗೆ ಬಂದು ಕೂತೆ. ಅಕ್ಕ ಕೂರುತ್ತಿದ್ದ ಜಾಗ ಅದೇ. ಕೊನೆಮನೆಗೆ ಬೀಗ ಹಾಕಿತ್ತು.

ಟೊಮ್ಯಾಟೊ ಕಡೆಯ ಸಾಲಿಂದ ಕೊಯ್ದೆ, ಅಕ್ಕ.