ರೋಗಿಗಳ ತೂಕಕ್ಕೆ ಮಾತ್ರ

ಅವರನ್ನು ಊರೆಲ್ಲ ಗುಲಗಂಜಿ ಅಂತಲೇ ಕರೆಯುತ್ತಿತ್ತು. ಕಸುಬು ತಕ್ಕಡಿ ರಿಪೇರಿ. ಗುಲಗಂಜಿಯಷ್ಟು ಹೆಚ್ಚುಕಡಿಮೆ ಇದ್ದರೂ ತಕ್ಕಡಿಯನ್ನು ಅಂಗಡಿಯಿಂದ ಆಚೆ ಬಿಡುತ್ತಿರಲಿಲ್ಲ, ಅದಕ್ಕೇ ಆ ಹೆಸರು. ಆಳು ಸಣಕಲು, ಮೀಸೆ ಮಾತ್ರ ದಪ್ಪ. ಮದುವೆಯಾದ ಹೊಸದರಲ್ಲಿ ಹೆಂಡತಿ, "ಮೀಸೆ ಬಿಟ್ಟರೆ ನೀವೆಷ್ಟು ತೂಗ್ತೀರಿ?" ಅಂತ ಕೇಳಿದ್ದಳು. ಅವರು ನಗಲಿಲ್ಲ. ಮಾರನೇ ದಿನ ಊಟಕ್ಕೆ ಕೂತಾಗ ಹೇಳಿದರು.

"ಮೀಸೆ ಸೇರಿ ನಲವತ್ತೊಂಬತ್ತು ಕಿಲೋ. ಮೀಸೆ ಬೇರೆ ತೂಗಬೇಕಾದರೆ ಬೋಳಿಸಬೇಕು. ಬೋಳಿಸಲಾ?"

"ಬೇಡ" ಅಂದಳು. ಇಂಥವರ ಜೊತೆ ಬಾಳಬೇಕು ಅಂತ ಅವಳಿಗೆ ಅವತ್ತೇ ತಿಳಿಯಿತು.

ಮನೆಯ ಬೀದಿ ಕಡೆಯ ಕೋಣೆಯೇ ಅಂಗಡಿ. ಒಂದು ಬೆಂಚು, ಹಿತ್ತಾಳೆಯ ತೂಕದ ಕಲ್ಲುಗಳ ಪೆಟ್ಟಿಗೆ, ನೆಲ ಸಮ ಇದೆಯೋ ಇಲ್ಲವೋ ನೋಡುವ ಒಂದು ರಸಮಟ್ಟ, ಮೊಹರು ಒತ್ತುವ ಇಕ್ಕಳ. ತಕ್ಕಡಿ ಸರಿಹೋದ ಮೇಲೆ ಅದಕ್ಕೆ ತಂತಿ ಪೋಣಿಸಿ, ತಂತಿಗೆ ಸೀಸದ ಗುಂಡು ಹಾಕಿ ಇಕ್ಕಳದಲ್ಲಿ ಒತ್ತುತ್ತಿದ್ದರು. ಉಂಗುರದ ನಡುವೆ ಒಂದು ಚುಕ್ಕಿ, ಅದು ಅವರ ಗುರುತು. ಜೊತೆಗೆ ಒಂದು ಚೀಟಿ ಅಂಟಿಸುತ್ತಿದ್ದರು. ಚೀಟಿಯಲ್ಲಿ ಆ ತಕ್ಕಡಿ ಯಾವುದಕ್ಕೆ ಅಂತ ಬರೆದಿರುತ್ತಿತ್ತು. ದಿನಸಿಗೆ. ಚಿನ್ನಕ್ಕೆ. ಔಷಧಿಗೆ. ತರಕಾರಿ ತೂಗುವ ತಕ್ಕಡಿಯಲ್ಲಿ ಚಿನ್ನ ತೂಗಬಾರದು ಅನ್ನುವುದು ಅವರ ಹಟ. ಸರ್ಕಾರದ ಕಚೇರಿಗಳಲ್ಲೂ ಅದೇ ನಿಯಮ, ಮೊಹರಿಲ್ಲದ ತಕ್ಕಡಿ ಮುಟ್ಟುವಂತಿಲ್ಲ, ಚೀಟಿಯಲ್ಲಿ ಬರೆದದ್ದು ಬಿಟ್ಟು ಬೇರೆಯದಕ್ಕೆ ಬಳಸುವಂತಿಲ್ಲ.

ಇಷ್ಟು ಕಟ್ಟುನಿಟ್ಟಿನ ಮನುಷ್ಯ ಒಂದು ಸಲ ದೊಡ್ಡ ತಪ್ಪು ಮಾಡಿದರು. ಬೆಂಚನ್ನು ಮೊದಲ ದಿನ ರಸಮಟ್ಟ ಇಟ್ಟು ನೋಡಿದ್ದರು, ಆಮೇಲೆ ನೋಡಲೇ ಇಲ್ಲ. ನೆಲ ಕುಸಿದು ಬೆಂಚಿನ ಒಂದು ಕಾಲು ನಿಧಾನಕ್ಕೆ ಇಳಿದಿತ್ತು. ಓರೆ ಬೆಂಚಿನ ಮೇಲೆ ಒಂದು ವರ್ಷ ತಕ್ಕಡಿ ಸರಿಮಾಡಿ ಮೊಹರು ಹಾಕಿದರು. ಒಂದು ದಿನ ಹೆಂಡತಿ ಬೆಂಚಿನ ಮೇಲೆ ನಿಂಬೆಹಣ್ಣು ಇಟ್ಟಳು. ಅದು ಉರುಳಿ ಕೆಳಗೆ ಬಿತ್ತು. ಎತ್ತಿಟ್ಟಳು. ಮತ್ತೆ ಉರುಳಿತು. ಅವರು ಹಣ್ಣು ನೋಡಿದರು, ಬೆಂಚು ನೋಡಿದರು, ಬೆವರಿಬಿಟ್ಟರು.

ಮರುದಿನದಿಂದ ಅಂಗಡಿ ಅಂಗಡಿಗೆ ಹೋಗಿ, "ತಪ್ಪು ನಂದು, ತಕ್ಕಡಿ ಕೊಡಿ" ಅಂತ ಕೇಳಿ ನಲವತ್ತಮೂರು ತಕ್ಕಡಿ ವಾಪಸು ತಂದರು. ಕೆಲವರು ಬೈದರು. ದಿನಸಿ ಅಂಗಡಿಯವನು, "ಗುಲಗಂಜಿ ಹೋಗಿ ಕುಂಬಳಕಾಯಿ ಆಯ್ತಾ?" ಅಂದ. ಅವರು ತಲೆ ತಗ್ಗಿಸಿಕೊಂಡು ಎಲ್ಲ ಸರಿಮಾಡಿ ಕೊಟ್ಟರು. ಅಲ್ಲಿಂದಾಚೆ ದಿನಾ ಬೆಳಿಗ್ಗೆ ಮುಖ ತೊಳೆಯುವ ಮುಂಚೆ ಬೆಂಚಿನ ಮೇಲೆ ರಸಮಟ್ಟ ಇಡುತ್ತಿದ್ದರು.

ಅವರ ಅಂಗಡಿಗೆ ಸಾಯಂಕಾಲ ತಪ್ಪದೆ ಬರುತ್ತಿದ್ದವನು ಕಾವಲಜ್ಜ. ಬೀದಿಯ ಕೊನೆಯ ಉಗ್ರಾಣದ ಕಾವಲುಗಾರ. ಕೆಲಸಕ್ಕೆ ಹೋಗುವ ಮುಂಚೆ ಚಹಾ ಕುಡಿಯಲು ಬರುತ್ತಿದ್ದ. ಗಂಡ ಹೆಂಡತಿಗೆ ಮಕ್ಕಳಿರಲಿಲ್ಲ, ಅಜ್ಜನಿಗೆ ಯಾರೂ ಇರಲಿಲ್ಲ. "ಮಗಳೇ, ಇದು ಚಹಾನೋ ಸಕ್ಕರೆ ಪಾಕಾನೋ?" ಅಂತ ದಿನಾ ಕೇಳುವನು, ದಿನಾ ಎರಡು ಲೋಟ ಕುಡಿಯುವನು.

ಒಂದು ದಿನ ಉಗ್ರಾಣಕ್ಕೆ ಕಳ್ಳ ನುಗ್ಗಿದ. ಅಜ್ಜ ಅಡ್ಡ ನಿಂತ. ಕಳ್ಳ ಕಬ್ಬಿಣದ ಸಲಾಕೆಯಿಂದ ಹೊಡೆದ. ಅಜ್ಜನ ಹೆಣ ಗುರುತಿಸಲು ಪೊಲೀಸರು ಕರೆದದ್ದು ಈ ಗಂಡ ಹೆಂಡತಿಯನ್ನೇ. ಅವಳು ಹೋದಳು, ನೋಡಿದಳು. ಏನು ನೋಡಿದಳು ಅಂತ ಬರೆಯುವುದು ಬೇಡ. ಕೊಂದವನು ಸಿಕ್ಕಿಬಿದ್ದ, ತಪ್ಪು ಒಪ್ಪಿಕೊಂಡ. ಎರಡು ವರ್ಷ ವಿಚಾರಣೆ, ಮೇಲ್ಮನವಿ ಎಲ್ಲ ಮುಗಿದು ನೇಣು ಅಂತ ಕೊನೆಯ ತೀರ್ಪಾಯಿತು. ಅವಳು ಅವತ್ತು ಎರಡು ಲೋಟ ಚಹಾ ಮಾಡಿ ಅಜ್ಜ ಕೂರುತ್ತಿದ್ದ ಸ್ಟೂಲಿನ ಮೇಲಿಟ್ಟಳು.

ಭಾನುವಾರ ಅವಳ ಅಣ್ಣ ಬಂದ. ಪ್ರಾರ್ಥನಾ ಮಂದಿರದಲ್ಲಿ ಗ್ರಂಥ ಓದಿ ಹೇಳುವವನು, ಮನೆಗೆ ಬಂದರೂ ಅದೇ ದನಿ.

"ಜೀವಕ್ಕೆ ಜೀವ ಅಂತ ದೇವರೇ ಹೇಳಿದಾನೆ ಭಾವ. ಇದರಲ್ಲಿ ನಮ್ಮದೇನೂ ಇಲ್ಲ."

"ಕರುಣೆ ಇಡು ಅಂತಲೂ ಹೇಳಿದಾನಲ್ಲ. ಅದನ್ನ ನೀನೇ ಹೋದ ತಿಂಗಳು ಓದಿದೆ, ನಾನು ಎದುರಿಗೇ ಕೂತಿದ್ದೆ."

"ನೀನು ಕೂತಿರಲಿಲ್ಲ, ತೂಕಡಿಸ್ತಿದ್ದೆ."

"ತೂಕಡಿಸ್ತಾನೂ ಕೇಳಿಸ್ಕೊಂಡೆ. ಎರಡನ್ನೂ ಅವನೇ ಹೇಳಿದ್ರೆ ಯಾವುದು ಯಾವಾಗ ಅಂತ ಯಾರು ತೀರ್ಮಾನ ಮಾಡೋದು?"

"ನ್ಯಾಯಾಧೀಶರು. ಅದಕ್ಕೇ ಅಲ್ವಾ ಅವರನ್ನ ಆ ಕುರ್ಚಿ ಮೇಲೆ ಕೂರಿಸಿರೋದು."

"ಆ ಕುರ್ಚಿ ಸಮ ಇದೆಯಾ ಅಂತ ದಿನಾ ಬೆಳಿಗ್ಗೆ ಯಾರಾದ್ರೂ ರಸಮಟ್ಟ ಇಟ್ಟು ನೋಡ್ತಾರಾ? ನನ್ನ ಬೆಂಚು ಒಂದು ವರ್ಷ ಓರೆ ಇತ್ತು. ನನಗೇ ಗೊತ್ತಾಗಲಿಲ್ಲ. ತಕ್ಕಡಿ ವಾಪಸು ಸಿಕ್ಕಿದ್ದಕ್ಕೆ ಮಾನ ಉಳೀತು. ನೇಣು ಹಾಕಿದ ಜೀವಾನ ವಾಪಸು ತಂದು ಹೇಗೆ ತೂಗೋದು?"

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕೇಳಿದಳು. "ಅಜ್ಜನ್ನ ವಾಪಸು ತಂದು ಹೇಗೆ ತೂಗೋದು?"

"ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ ಕಣೇ" ಅಂದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವ ಗಂಡಸು, ಜಗಳ ಆಡುವುದಕ್ಕೂ ಬಿಡುತ್ತಿರಲಿಲ್ಲ.

ಮುಂದಿನ ವಾರ ಜೈಲಿನಿಂದ ಕಾಗದ ಬಂತು. ಜೈಲಿನ ಆಸ್ಪತ್ರೆ ಕೋಣೆಯ ತಕ್ಕಡಿ ಕೆಟ್ಟಿದೆ, ಬಂದು ಸರಿಮಾಡಿ. ಸರ್ಕಾರಿ ಕಚೇರಿಗಳ ಪಟ್ಟಿಯಲ್ಲಿ ಊರಿಗೆಲ್ಲ ಅವರೊಬ್ಬರದೇ ಹೆಸರು. ಪೆಟ್ಟಿಗೆ ಹೊತ್ತುಕೊಂಡು ಹೋದರು. ಮಧ್ಯಾಹ್ನ ಬಂದು ಕೈ ತೊಳೆದು, ಒರೆಸಿಕೊಳ್ಳದೆ ಹಾಗೇ ಕೂತರು.

"ಅವನಿಗೇ ಅದು" ಅಂದರು. "ನೇಣು ಹಾಕೋ ಮುಂಚೆ ತೂಗ್ತಾರಂತೆ. ತೂಕ ನೋಡಿ ಹಗ್ಗ ಎಷ್ಟುದ್ದ ಅಂತ ಲೆಕ್ಕ, ತೂಕ ಜಾಸ್ತಿ ಇದ್ದಷ್ಟೂ ಹಗ್ಗ ಗಿಡ್ಡ. ತಕ್ಕಡಿ ಮೂರು ಕಿಲೋ ಜಾಸ್ತಿ ತೋರಿಸ್ತಿತ್ತು. ಹಾಗೇ ಬಿಟ್ಟಿದ್ರೆ ಹಗ್ಗ ಗಿಡ್ಡ ಆಗ್ತಿತ್ತು. ಒಂದೇ ಸಲಕ್ಕೆ ಜೀವ ಹೋಗ್ತಿರಲಿಲ್ಲ."

"ಹಾಗೇ ಬಿಡಬೇಕಿತ್ತು."

"ನೀನು ಹಂಗೆಲ್ಲ ಅನ್ನೋವಳಲ್ಲ."

"ಅಂದೆನಲ್ಲ."

ಅವರು ಅವಳ ಮುಖ ನೋಡಿದರು. ಬೈಯಲಿಲ್ಲ. "ಸರಿಮಾಡಿದೆ" ಅಂದರು. "ಒಬ್ಬ ಮನುಷ್ಯ ಒದ್ದಾಡ್ಲಿ ಅಂತ ತಕ್ಕಡಿ ಕೆಡಿಸಿ ಇಡೋದು ನನ್ನ ಕೈಲಾಗಲ್ಲ. ಮೊಹರೂ ಹಾಕಿದೆ. ಚೀಟಿ ಬರೆಯೋವಾಗ ಪೆನ್ನು ನಿಂತುಹೋಯ್ತು. ಯಾವುದಕ್ಕೆ ಅಂತ ಬರೀಲಿ? ಕೊನೆಗೆ, ರೋಗಿಗಳ ತೂಕಕ್ಕೆ ಮಾತ್ರ, ಅಂತ ಬರೆದು ಅಂಟಿಸಿ ಬಂದೆ."

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ತಟ್ಟೆಯನ್ನು ಅವರ ಮುಂದೆ ಕುಕ್ಕಿ ಒಳಗೆ ಹೋದಳು.

ಮಾರನೇ ದಿನ ಜೈಲರು ಖುದ್ದಾಗಿ ಬಂದರು. ಸಭ್ಯ ಮನುಷ್ಯ. ಟೋಪಿ ತೆಗೆದು ಅಜ್ಜನ ಸ್ಟೂಲಿನ ಮೇಲೆ ಕೂತರು.

"ಮೇಸ್ತ್ರಿಗಳೇ, ಚೀಟಿ ಬದಲಾಯಿಸಿ ಕೊಡಿ."

"ಅದು ಆಸ್ಪತ್ರೆ ಕೋಣೆ ತಕ್ಕಡಿ ಸಾಹೇಬರೇ. ಅಲ್ಲಿ ರೋಗಿಗಳನ್ನೇ ಅಲ್ವಾ ತೂಗೋದು?"

"ಅವನನ್ನೂ ತೂಗಬೇಕು."

"ಅವನಿಗೆ ಹುಷಾರಿಲ್ವಾ? ಹಂಗಾದ್ರೆ ತೂಗಿ, ಔಷಧಿ ಕೊಡಿ."

ಜೈಲರಿಗೆ ನಗು ಬಂತು, ತಡೆದುಕೊಂಡರು. "ನನ್ನ ಕೈಯಲ್ಲಿ ಏನಿದೆ ಹೇಳಿ? ತೀರ್ಪು ಕೊಟ್ಟಿದ್ದು ನಾನಲ್ಲ. ನೀವೂ ಅಲ್ಲ. ನೀವು ಚೀಟಿ ಬರೀದೇ ಇದ್ರೆ ಬೇರೆ ಊರಿಂದ ತಕ್ಕಡಿ ತರಿಸ್ತೀವಿ. ಅವನು ಉಳಿಯಲ್ಲ. ಪಟ್ಟಿಯಿಂದ ನಿಮ್ಮ ಹೆಸರು ಹೋಗುತ್ತೆ, ಅಷ್ಟೇ."

"ಗೊತ್ತು."

"ಸತ್ತವನು ನಿಮಗೆ ಬೇಕಾದವನಂತೆ."

"ನೀವು ಕೂತಿರೋದು ಅವನ ಜಾಗದಲ್ಲಿ ಸಾಹೇಬರೇ."

ಜೈಲರು ಸ್ಟೂಲನ್ನು ಒಮ್ಮೆ ನೋಡಿಕೊಂಡು ಎದ್ದು ನಿಂತರು. ಗುಲಗಂಜಿ ಒಂದು ಸೀಸದ ಗುಂಡು ಎತ್ತಿಕೊಂಡು ತಂತಿಗೆ ಪೋಣಿಸಲು ಹೋಗಿ ಎರಡು ಸಲ ಬೀಳಿಸಿದರು. ಮೂರನೇ ಸಲಕ್ಕೆ ಅದನ್ನು ಇಕ್ಕಳದ ಕೆಳಗೆ ಬಚ್ಚಿಟ್ಟರು. ಬಾಗಿಲ ಸಂದಿಯಿಂದ ಹೆಂಡತಿಗೆ ಕಾಣಿಸಿತು. ಧೈರ್ಯಸ್ಥರಾಗಿದ್ದರೆ ಅವಳಿಗೆ ಇನ್ನೂ ಸಿಟ್ಟು ಬರುತ್ತಿತ್ತು. ಹೆದರಿಕೊಂಡೇ ಒಲ್ಲೆ ಅಂದರಲ್ಲ, ಅದಕ್ಕೆ ಏನು ಮಾಡಬೇಕು ಅಂತ ಗೊತ್ತಾಗಲಿಲ್ಲ.

ಹೆಸರು ಪಟ್ಟಿಯಿಂದ ಹೋಯಿತು. ಅಂಚೆ ಕಚೇರಿ, ಶಾಲೆ, ಆಸ್ಪತ್ರೆ, ಎಲ್ಲ ಕೆಲಸವೂ ಹೋಯಿತು. ಉಳಿದದ್ದು ತರಕಾರಿಯವರು. ಹೆಂಡತಿ ಅವರೊಡನೆ ಮಾತು ಬಿಟ್ಟಳು. ಊಟ ಬಡಿಸಿ, "ತಟ್ಟೆ ಹಾಕಿದೆ" ಅಂತ ಗೋಡೆಗೆ ಹೇಳುತ್ತಿದ್ದಳು. ಅವರೂ ಗೋಡೆಗೇ, "ಉಪ್ಪು ಸ್ವಲ್ಪ ಮುಂದಾಗಿದೆ, ಪರವಾಗಿಲ್ಲ" ಅನ್ನುತ್ತಿದ್ದರು. ಅಣ್ಣ ಬಂದು ನೋಡಿ, "ಈ ಮನೆಯಲ್ಲಿ ಗೋಡೆಗಿರೋ ಮರ್ಯಾದೆ ನನಗಿಲ್ಲ" ಅಂದ.

ಬೇರೆ ತಕ್ಕಡಿ ಬಂದು, ಕಾಗದಪತ್ರ ಮುಗಿದು, ಹೊಸ ದಿನ ಗೊತ್ತಾಗಲು ಇಪ್ಪತ್ತೆರಡು ದಿನ ಹಿಡಿಯಿತು. ಆಮೇಲೆ ಒಂದು ಬೆಳಿಗ್ಗೆ ನೇಣು ಆಯಿತು. ಅವಳು ಆ ಬೆಳಿಗ್ಗೆಗಾಗಿ ಎರಡು ವರ್ಷ ಕಾದಿದ್ದಳು. ಸುದ್ದಿ ಬಂದಾಗ ಬಟ್ಟೆ ಒಗೆಯುತ್ತಿದ್ದಳು. ಒಗೆದು ಮುಗಿಸಿದಳು. ಸಂತೋಷ ಬರುತ್ತದೇನೋ ಅಂತ ನೋಡಿದಳು. ಬರಲಿಲ್ಲ. ದುಃಖವೂ ಬರಲಿಲ್ಲ. ಅಜ್ಜ ಸತ್ತೇ ಇದ್ದ.

ವಾರದ ಮೇಲೆ ಒಬ್ಬ ಮುದುಕಿ ಬಾಗಿಲಿಗೆ ಬಂದಳು. ಅವರು ಮನೆಯಲ್ಲಿರಲಿಲ್ಲ.

"ತಕ್ಕಡಿಯವರ ಮನೆ ಇದೇನಾ ತಾಯಿ?"

"ಹೌದು. ಯಾರು ನೀವು?"

"ಅವನ ತಾಯಿ" ಅಂದಳು ಮುದುಕಿ. ಯಾವನ ತಾಯಿ ಅಂತ ಕೇಳಬೇಕಾಗಿರಲಿಲ್ಲ. "ನಿಮ್ಮ ಅಜ್ಜನ್ನ ಕೊಂದಿದ್ದು ನನ್ನ ಮಗನೇ. ಅದು ಸುಳ್ಳಲ್ಲ. ನಾನೇನೂ ಕೇಳೋಕೆ ಬಂದಿಲ್ಲ."

"ಮತ್ತೆ?"

"ವಾರಕ್ಕೊಂದು ಸಲ ನೋಡೋಕೆ ಬಿಡ್ತಿದ್ರು. ನಿಮ್ಮ ಯಜಮಾನರು ಏನೋ ಬರೆದ್ರಂತಲ್ಲ, ಅದರಿಂದ ದಿನ ಮುಂದೆ ಹೋಗಿ ಇನ್ನೂ ಮೂರು ಸಲ ನೋಡಿದೆ." ಮುದುಕಿ ಮೂರು ಬೆರಳು ಎತ್ತಿ ತೋರಿಸಿದಳು. "ಅಷ್ಟು ಹೇಳಿ ಹೋಗೋಣ ಅಂತ ಬಂದೆ."

ಅವಳು ಬಾಗಿಲಿಗೆ ಅಡ್ಡ ನಿಂತೇ ಇದ್ದಳು. ಒಳಗೆ ಕರೆಯಲು ಬಾಯಿ ಬರಲಿಲ್ಲ. ಮುದುಕಿ ಮೆಟ್ಟಿಲು ಇಳಿಯುವಾಗ ಕಾಲು ಎಡವಿತು. ಅವಳು ಹೋಗಿ ಹಿಡಿದಳು. ಹಿಡಿದ ಮೇಲೆ ಬಿಡುವುದು ಹೇಗೆ ಅಂತ ತೋಚದೆ ಒಳಗೆ ಕರೆತಂದು ಕೂರಿಸಿ ನೀರು ಕೊಟ್ಟಳು. ಆಮೇಲೆ ಚಹಾ. ಮುದುಕಿಯೂ ಸಕ್ಕರೆ ಜಾಸ್ತಿ ಅಂದಳು.

ಅವಳ ಮನಸ್ಸು ಬದಲಾಯಿತು ಅಂತ ಅಲ್ಲ. ಕೊಂದವನಿಗೆ ಆದದ್ದು ಅನ್ಯಾಯ ಅಂತ ಅವಳು ಆಮೇಲೂ ಅನ್ನಲಿಲ್ಲ. ಆದರೆ ಅವತ್ತು ಗಂಡ ಬಂದಾಗ ಗೋಡೆ ಕಡೆ ತಿರುಗಲಿಲ್ಲ.

"ಆ ತಾಯಿ ಬಂದಿದ್ಳು ರೀ. ಮೂರು ಸಲ ನೋಡಿದ್ಳಂತೆ."

ಅವರು ಪೆಟ್ಟಿಗೆ ಕೆಳಗಿಟ್ಟು, ಬೆಂಚಿಗೆ ಒರಗಿ ಅತ್ತರು. ಅವಳು ಅವರು ಅತ್ತಿದ್ದು ನೋಡಿದ್ದು ಎರಡೇ ಸಲ. ಮೊದಲನೆಯದು ಅಜ್ಜನಿಗೆ.

ಹದಿಮೂರು ವರ್ಷ ಹೀಗೇ ಹೋಯಿತು, ಜಗಳ ಮಾಡಿಕೊಂಡು, ತರಕಾರಿ ತಕ್ಕಡಿ ಸರಿಮಾಡಿಕೊಂಡು. ಆಮೇಲೆ ಅವರಿಗೆ ಹೊಟ್ಟೆಯ ಕಾಯಿಲೆ ಬಂತು. ಪ್ರತಿ ಸೋಮವಾರ ಊರಿನ ದೊಡ್ಡಾಸ್ಪತ್ರೆಗೆ ಹೋಗಬೇಕು. ಅಲ್ಲಿ ಮೊದಲು ತಕ್ಕಡಿ ಮೇಲೆ ನಿಲ್ಲಿಸುತ್ತಾರೆ. ಮೊದಲ ಸೋಮವಾರ ನಲವತ್ತಾರು. ಆಮೇಲೆ ನಲವತ್ತಮೂರು. ನರ್ಸು ಸಂಖ್ಯೆ ಓದುವಾಗಲೆಲ್ಲ ಹೆಂಡತಿ ನೆಲ ನೋಡುತ್ತಿದ್ದಳು. ಮೂರನೇ ಸೋಮವಾರ ನಲವತ್ತು ಅಂತ ಓದಿದಾಗ ಅವರು ತಕ್ಕಡಿಯಿಂದ ಇಳಿಯುತ್ತಾ ಅವಳ ಕಿವಿಯಲ್ಲಿ ಹೇಳಿದರು.

"ಗಾಬರಿ ಆಗ್ಬೇಡ. ಈ ತಕ್ಕಡಿ ಸರಿ ಇಲ್ಲ. ಎರಡು ಕಿಲೋ ಕಡಿಮೆ ತೋರಿಸ್ತಿದೆ."

ಅವರ ಮಾತು ಅಂದರೆ ಮಾತು. ಅವಳ ಎದೆ ಹಗುರಾಯಿತು. ಅವರಿಗೆ ಚಪ್ಪಲಿ ಹಾಕಿಸಲು ಬಗ್ಗಿದಳು. ಬಗ್ಗಿದಾಗ ತಕ್ಕಡಿಯ ಕೆಳಗೆ, ಕಂಬದ ಬುಡದಲ್ಲಿ, ತಂತಿಗೆ ಪೋಣಿಸಿದ ಸೀಸದ ಗುಂಡು ಕಂಡಿತು. ಉಂಗುರದ ನಡುವೆ ಚುಕ್ಕಿ. ಪಕ್ಕದಲ್ಲಿ ಹಳದಿಯಾದ ಚೀಟಿ, ಅವರದೇ ಅಕ್ಷರ. ಅವಳಿಗೆ ಓದು ಅಷ್ಟಕ್ಕಷ್ಟೆ, ಆದರೆ ಆ ಮೂರು ಪದ ಓದಲು ಕಷ್ಟವಾಗಲಿಲ್ಲ. ಹೊಸ ತಕ್ಕಡಿ ಬಂದ ಮೇಲೆ, ಚೀಟಿಯ ದೆಸೆಯಿಂದ ಬೇರೆ ಯಾವುದಕ್ಕೂ ಬಾರದೆ ಜೈಲಿನವರು ಅದನ್ನು ಆಸ್ಪತ್ರೆಗೆ ದಾಟಿಸಿದ್ದರು.

ಆಸ್ಪತ್ರೆಯವರು ತಕ್ಕಡಿಯನ್ನು ರಸಮಟ್ಟ ಇಟ್ಟು ಸಮ ಮಾಡಿ ನಿಲ್ಲಿಸಿದ್ದರು. ಅವರು ಮೊಹರು ಹಾಕಿದ ತಕ್ಕಡಿ ಅದು, ಗುಲಗಂಜಿಯಷ್ಟೂ ತಪ್ಪುವಂಥದ್ದಲ್ಲ. ಅದು ಅವರಿಗೂ ಗೊತ್ತಿತ್ತು. ಈಗ ಅವಳಿಗೂ ಗೊತ್ತಾಯಿತು. ಎಷ್ಟು ಸೋಮವಾರ ಉಳಿದಿವೆ ಅಂತ ಅವಳು ಬಗ್ಗಿದಲ್ಲೇ ಲೆಕ್ಕ ಹಾಕಿದಳು. ಆ ತಾಯಿ ಎತ್ತಿದ ಮೂರು ಬೆರಳು ನೆನಪಾಯಿತು.

ಚಪ್ಪಲಿ ಹಾಕಿಸಿ ಎದ್ದು ನಿಂತಳು.

"ಹೌದು ರೀ" ಅಂದಳು. "ನೋಡಿದ್ರೇ ಗೊತ್ತಾಗುತ್ತೆ. ಯಾವನೋ ಕೆಲಸಗೇಡಿ ರಿಪೇರಿ ಮಾಡಿದಾನೆ."

ಅವರು ಮೀಸೆಯಲ್ಲೇ ನಕ್ಕರು. ಅವಳು ಅವರ ತೋಳು ಹಿಡಿದುಕೊಂಡಳು. ತೋಳು ಬಹಳ ಹಗುರ ಇತ್ತು. ಇನ್ನೂ ಐದು ಸೋಮವಾರ ಸಿಕ್ಕವು. ಐದೂ ಸಲ ತಕ್ಕಡಿಯನ್ನು ಇಬ್ಬರೂ ಸೇರಿ ಬೈದರು.